ಪಕ್ಕದ ಸೀಟಿನವನು ಯಾರ ಕಡೆ? ಹಾಂಗ್‌ಕಾಂಗ್ ಪೊಲೀಸ್ ಚಿತ್ರಗಳಲ್ಲಿ ಜೊತೆಗಾರ ಮತ್ತು ಭ್ರಷ್ಟಾಚಾರ, 1975–2016

1. ಪೀಠಿಕೆ

ಇಬ್ಬರು ಪೊಲೀಸರು, ಎದುರಿಗೊಂದು ಪಾತಕಲೋಕ, ಬೆನ್ನ ಹಿಂದೆ ಆಗಲೇ ಮಾರಾಟವಾಗಿರುವ ಇಲಾಖೆ. ಸಾಹಸಚಿತ್ರಗಳ ಈ ಚೌಕಟ್ಟು ಹಾಲಿವುಡ್ಡಿನದು, ಹಾಂಗ್‌ಕಾಂಗ್ ಅದನ್ನು ಎರವಲು ಪಡೆಯಿತು ಎಂಬುದು ವಾಡಿಕೆಯ ಅಭಿಪ್ರಾಯ. ಅದರಲ್ಲಿ ಸತ್ಯವಿಲ್ಲದೆ ಇಲ್ಲ. 1987ರಲ್ಲಿ 'ಲೀಥಲ್ ವೆಪನ್' ಗೆದ್ದ ಮರುವರ್ಷವೇ ಲಾವ್ ಕಾರ್-ಲ್ಯೂಂಗ್ 'ಟೈಗರ್ ಆನ್ ದ ಬೀಟ್' ತೆಗೆದರು. ಚೋ ಯುನ್-ಫ್ಯಾಟ್ ಮತ್ತು ಕೋನನ್ ಲೀ ಅದರಲ್ಲಿ ಒಬ್ಬರಿಗೊಬ್ಬರು ಹೊಂದದ ಪೊಲೀಸ್ ಜೋಡಿ. ಆದರೆ ಎರವಲಿನ ಈ ವಿವರಣೆ ಒಂದು ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಅಮೆರಿಕದ ಜೋಡಿಚಿತ್ರಗಳಲ್ಲಿ ಜಗಳವಾಡುತ್ತ ಶುರುವಾದವರು ಕೊನೆಗೆ ಗೆಳೆಯರಾಗುತ್ತಾರೆ. ಹಾಂಗ್‌ಕಾಂಗಿನ ಮುಖ್ಯ ಚಿತ್ರಗಳಲ್ಲಿ ಪಕ್ಕದಲ್ಲಿ ಕೂತವನು ನಿಜಕ್ಕೂ ಯಾರ ಕಡೆಯವನು ಎಂಬ ಅನುಮಾನ ಕಡೆಯವರೆಗೂ ಬಿಡುವುದಿಲ್ಲ. ಯಾಕೆ ಹೀಗೆ?

ಇದರ ಬೇರು ಚಿತ್ರರಂಗಕ್ಕಿಂತ ಹೆಚ್ಚಾಗಿ ಆ ನಗರದ ಪೊಲೀಸ್ ಇತಿಹಾಸದಲ್ಲಿದೆ ಎಂಬುದು ಈ ಲೇಖನದ ವಾದ. ಪೊಲೀಸರನ್ನು ತನಿಖೆ ಮಾಡುವ ಅಧಿಕಾರ ಇಲಾಖೆಯ ಒಳಗಿದೆಯೋ ಹೊರಗಿದೆಯೋ ಎಂಬುದರ ಮೇಲೆ ತೆರೆಯ ಮೇಲಿನ ಜೊತೆಗಾರನ ಸ್ವರೂಪವೂ ಬದಲಾಗುತ್ತ ಬಂದಿದೆ. 1975ರಿಂದ 2016ರವರೆಗಿನ ಕೆಲವು ಮುಖ್ಯ ಚಿತ್ರಗಳನ್ನು ಮುಂದಿಟ್ಟುಕೊಂಡು ಈ ವಾದವನ್ನು ಇಲ್ಲಿ ಪರೀಕ್ಷಿಸಲಾಗಿದೆ.

2. ಮಾಮೂಲಿನ ವ್ಯವಸ್ಥೆ

1950–60ರ ದಶಕಗಳ ಹಾಂಗ್‌ಕಾಂಗ್ ಪೊಲೀಸರಲ್ಲಿ ಲಂಚ ಒಬ್ಬೊಬ್ಬರ ದುರಾಸೆಯಾಗಿ ಉಳಿದಿರಲಿಲ್ಲ, ಪಾಲುದಾರಿಕೆಯ ವ್ಯವಹಾರವಾಗಿತ್ತು. ಅಫೀಮಿನ ಅಡ್ಡೆ, ಜೂಜುಕಟ್ಟೆ, ವೇಶ್ಯಾಗೃಹಗಳಿಂದ ಹಿಡಿದು ಬೀದಿ ವ್ಯಾಪಾರಿಗಳವರೆಗೆ ಎಲ್ಲರಿಂದಲೂ ಮಾಮೂಲು ಎತ್ತಲು ಗೊತ್ತಾದ ವಸೂಲಿಗಾರರಿದ್ದರು. ಹಣ ಒಂದೆಡೆ ಸೇರಿ, ಹುದ್ದೆಗೆ ತಕ್ಕಂತೆ ಹಂಚಿಕೆಯಾಗುತ್ತಿತ್ತು. ಬ್ರಿಟಿಷ್ ಅಧಿಕಾರಿಗಳಿಗೂ ಚೀನೀ ಬೀದಿಗೂ ನಡುವೆ ನಿಂತು ಇದನ್ನು ನಡೆಸುತ್ತಿದ್ದವರು ಚೀನೀ ಸ್ಟಾಫ್ ಸಾರ್ಜೆಂಟರು. ಅವರಲ್ಲಿ ಲುಯಿ ಲೋಕ್ 'ಐವತ್ತು ಕೋಟಿ ಡಾಲರ್ ಸಾರ್ಜೆಂಟ್' ಎಂದೇ ಹೆಸರಾಗಿದ್ದ. ಟ್ರಯಾಡ್ ಎಂದು ಕರೆಯುವ ಪಾತಕ ಸಂಘಗಳೂ ಠಾಣೆಗಳೂ ಒಂದೇ ಲೆಕ್ಕಪುಸ್ತಕದ ಎರಡು ಬದಿಗಳಂತಿದ್ದವು.

ಮಾಮೂಲು ಮುಟ್ಟದ ಪೊಲೀಸನ ಪಾಡೇನು? ನ್ಯಾಯಮೂರ್ತಿ ಅಲಸ್ಟೇರ್ ಬ್ಲೇರ್-ಕೆರ್ 1973ರ ತನಿಖಾ ವರದಿಯಲ್ಲಿ ಪೊಲೀಸರ ನಡುವೆ ಓಡಾಡುತ್ತಿದ್ದ ಒಂದು ಉಪದೇಶವನ್ನು ದಾಖಲಿಸಿದ್ದಾರೆ. ಅದರ ಸಾರ ಇಷ್ಟು: ಬೇಕಿದ್ದರೆ ಬಸ್ಸು ಹತ್ತಬಹುದು, ಹತ್ತಲು ಮನಸ್ಸಿಲ್ಲದವನು ಪಕ್ಕದಲ್ಲಿ ಓಡಬಹುದು, ಎದುರಿಗೆ ಮಾತ್ರ ನಿಲ್ಲಕೂಡದು, ನಿಂತವನ ಮೇಲೆ ಬಸ್ಸು ಹರಿಯುತ್ತದೆ. ಪ್ರಾಮಾಣಿಕನಿಗೂ ಇಲ್ಲಿ ಜಾಗವಿತ್ತು, ಬಾಯಿ ಬಿಡದಿದ್ದರೆ. ಹಾಗಾಗಿ ಜೊತೆ ಕೆಲಸ ಮಾಡುವವನು ಸಾಕ್ಷಿಯೂ ಆಗಬಲ್ಲ, ಕಾವಲುಗಾರನೂ ಆಗಬಲ್ಲ. ಮುಂದೆ ಚಿತ್ರಕಥೆಗಾರರು ಬಗೆಬಗೆಯಾಗಿ ಬಳಸಿಕೊಂಡ ಮೂರು ನಿಲುವುಗಳು ಈ ಉಪದೇಶದಲ್ಲೇ ಇವೆ.

3. ಗಾಡ್‌ಬರ್ ಪ್ರಕರಣ ಮತ್ತು ಐಸಿಎಸಿ

ಭ್ರಷ್ಟಾಚಾರದ ದೂರುಗಳನ್ನು ವಿಚಾರಿಸುವ ಕಚೇರಿ ಆಗ ಇದ್ದದ್ದು ಪೊಲೀಸ್ ಇಲಾಖೆಯೊಳಗೇ. 1973ರಲ್ಲಿ ಚೀಫ್ ಸೂಪರಿಂಟೆಂಡೆಂಟ್ ಪೀಟರ್ ಗಾಡ್‌ಬರ್ ಬಳಿ 43 ಲಕ್ಷ ಹಾಂಗ್‌ಕಾಂಗ್ ಡಾಲರಿಗೂ ಹೆಚ್ಚಿನ ಆಸ್ತಿ ಪತ್ತೆಯಾಯಿತು. ಇಪ್ಪತ್ತು ವರ್ಷ ಕೂಡಿಟ್ಟ ಸಂಬಳಕ್ಕೂ ಅದು ಹಲವು ಪಟ್ಟು. ವಿವರಣೆ ಕೇಳಿ ನೋಟಿಸು ಕೊಟ್ಟಾಗ ಅವನು ವಿಮಾನ ನಿಲ್ದಾಣದ ಪೊಲೀಸ್ ಪಾಸನ್ನೇ ಬಳಸಿ ವಲಸೆ ತಪಾಸಣೆಯನ್ನು ದಾಟಿ, ಜೂನ್ 8ರಂದು ಬ್ರಿಟನ್ನಿಗೆ ಪರಾರಿಯಾದ. ವಿಕ್ಟೋರಿಯಾ ಪಾರ್ಕಿನಲ್ಲಿ ಜನ ಸೇರಿ, ಗಾಡ್‌ಬರ್‌ನನ್ನು ಹಿಡಿದು ತನ್ನಿ ಎಂದು ಕೂಗಿದರು.

ಗವರ್ನರ್ ಮರ್ರೆ ಮ್ಯಾಕ್ಲಿಹೋಸ್ 1974ರ ಫೆಬ್ರವರಿ 15ರಂದು ಸ್ವತಂತ್ರ ಭ್ರಷ್ಟಾಚಾರ ನಿಗ್ರಹ ಆಯೋಗವನ್ನು, ಅಂದರೆ ಐಸಿಎಸಿಯನ್ನು, ಸ್ಥಾಪಿಸಿದರು. ಜಾಕ್ ಕೇಟರ್ ಅದರ ಮೊದಲ ಆಯುಕ್ತರು. ನಮ್ಮ ಲೋಕಾಯುಕ್ತದ ಪೊಲೀಸ್ ವಿಭಾಗಕ್ಕೆ ರಾಜ್ಯ ಪೊಲೀಸಿನಿಂದಲೇ ನಿಯೋಜನೆಯ ಮೇಲೆ ಅಧಿಕಾರಿಗಳು ಬರುತ್ತಾರೆ. ಐಸಿಎಸಿಯನ್ನು ಪೊಲೀಸ್ ವ್ಯವಸ್ಥೆಯಿಂದ ಪೂರ್ತಿ ಬೇರ್ಪಡಿಸಿ ನೇರವಾಗಿ ಗವರ್ನರಿಗೆ ಉತ್ತರದಾಯಿಯಾಗಿಸಲಾಯಿತು. 1975ರಲ್ಲಿ ಗಾಡ್‌ಬರ್‌ನನ್ನು ಕರೆತಂದು ವಿಚಾರಣೆ ನಡೆಸಿದಾಗ ಅವನಿಗೆ ನಾಲ್ಕು ವರ್ಷ ಶಿಕ್ಷೆಯಾಯಿತು.

ಇಲಾಖೆ ಸುಮ್ಮನೆ ಶರಣಾಗಲಿಲ್ಲ. 1977ರ ಅಕ್ಟೋಬರ್ 28ರಂದು ಪೊಲೀಸರ ಗುಂಪೊಂದು ಹಚಿಸನ್ ಹೌಸ್ ಕಟ್ಟಡದಲ್ಲಿದ್ದ ಐಸಿಎಸಿ ಕಚೇರಿಗೆ ನುಗ್ಗಿ ಸಿಬ್ಬಂದಿಯನ್ನು ಥಳಿಸಿತು. ನವೆಂಬರ್ 5ರಂದು ಮ್ಯಾಕ್ಲಿಹೋಸ್ ಭಾಗಶಃ ಕ್ಷಮಾದಾನ ಘೋಷಿಸಿದರು: ಆಗಲೇ ವಿಚಾರಣೆಗೆ ಒಳಗಾದವರನ್ನೂ ಓಡಿಹೋದವರನ್ನೂ ಬಿಟ್ಟು, ಉಳಿದವರ 1977ರ ಜನವರಿ 1ಕ್ಕಿಂತ ಹಿಂದಿನ ಅಪರಾಧಗಳನ್ನು ಕೆದಕುವುದಿಲ್ಲ. ಹಳೆಯ ಲೆಕ್ಕ ಮುಚ್ಚಿತು, ಆದರೆ ಆ ಲೆಕ್ಕದಲ್ಲಿದ್ದ ಎಷ್ಟೋ ಜನ ಸಮವಸ್ತ್ರದಲ್ಲೇ ಉಳಿದರು. ತಪ್ಪು ಮಾಡಿದವರೂ ಮಾಡದವರೂ ಮರುದಿನದಿಂದ ಒಂದೇ ಗಸ್ತಿಗೆ ಹೊರಟರು. ಕ್ಷಮೆ ದೊರೆತ ಭೂತಕಾಲವೊಂದು ಪಕ್ಕದಲ್ಲೇ ಕುಳಿತಿರುವ ಈ ಸ್ಥಿತಿ ಮುಂದಿನ ಚಿತ್ರಗಳನ್ನು ಓದಲು ಬಹಳ ಮುಖ್ಯ.

4. ಮೊದಲ ಘಟ್ಟ: ಜೊತೆಗಾರನಿಲ್ಲದ ಪೊಲೀಸ್ (1975–1981)

ಐಸಿಎಸಿಯ ಬೆನ್ನಲ್ಲೇ, 1975ರಲ್ಲಿ, ಇಂಗ್ ಸೀ-ಯುಯೆನ್ ಅವರ 'ಆ್ಯಂಟಿ-ಕರಪ್ಷನ್' ಬಂತು. ಮರುವರ್ಷ ಲ್ಯೂಂಗ್ ಪೋ-ಚಿ ಮತ್ತು ಜೋಸೆಫೀನ್ ಸಿಯಾವ್ 'ಜಂಪಿಂಗ್ ಆ್ಯಶ್' ಚಿತ್ರಕ್ಕಾಗಿ ಕ್ಯಾಮೆರಾವನ್ನು ಸ್ಟುಡಿಯೋದಿಂದ ಬೀದಿಗೆ ತಂದರು. ಐಸಿಎಸಿ ತನ್ನ ಪ್ರಚಾರಕ್ಕೆ ದೂರದರ್ಶನವನ್ನು ಬಳಸಿಕೊಂಡಿತು. 1977ರಲ್ಲಿ ಆ್ಯನ್ ಹುಯಿ ಅದಕ್ಕಾಗಿ ಆರು ಕಂತುಗಳನ್ನು ನಿರ್ದೇಶಿಸಿದರು. ಅವುಗಳಲ್ಲಿ ಎರಡರ ಪ್ರಸಾರವನ್ನೇ ತಡೆಯಲಾಯಿತು. ಭ್ರಷ್ಟಾಚಾರದ ಬಗ್ಗೆ ಮಾತಾಡಿ ಎಂದ ಸರ್ಕಾರಕ್ಕೂ ಕೇಳಲು ತಯಾರಿರುವ ಮಾತಿಗೊಂದು ಮಿತಿಯಿತ್ತು.

ಈ ಘಟ್ಟದಲ್ಲಿ ಇಬ್ಬರು ಪೊಲೀಸರ ಸ್ನೇಹ ಕಥೆಯ ಆಸರೆಯಾಗುವುದು ಅಪರೂಪ. ಪೀಟರ್ ಯುಂಗ್ ಅವರ 'ದ ಸಿಸ್ಟಮ್' (1979) ಮಾದಕದ್ರವ್ಯ ಜಾಲದ ಬೆನ್ನು ಹತ್ತಿದ ಇನ್‌ಸ್ಪೆಕ್ಟರ್ ಮತ್ತು ಅವನ ಮಾಹಿತಿದಾರನ ಕಥೆ. ಇನ್‌ಸ್ಪೆಕ್ಟರಿಗೆ ಅವನಿಲ್ಲದೆ ಕೇಸಿಲ್ಲ, ಅವನಿಗೆ ಇನ್‌ಸ್ಪೆಕ್ಟರ್ ಇಲ್ಲದೆ ರಕ್ಷಣೆಯಿಲ್ಲ; ನಂಬಿಕೆ ಮಾತ್ರ ಇಬ್ಬರಲ್ಲೂ ಇಲ್ಲ. ಅಲೆಕ್ಸ್ ಚೆಯುಂಗ್ ಅವರ 'ಮ್ಯಾನ್ ಆನ್ ದ ಬ್ರಿಂಕ್' (1981) ಇನ್ನೂ ಮುಂದೆ ಹೋಗಿ ಪೊಲೀಸನನ್ನೇ ವೇಷ ಮರೆಸಿ ಪಾತಕಿಗಳ ನಡುವೆ ಇಳಿಸುತ್ತದೆ. ಅವನು ನಿಜದಲ್ಲಿ ಯಾರೆಂದು ಬಲ್ಲವರು ಬೆರಳೆಣಿಕೆಯಷ್ಟು. ಠಾಣೆಯೊಳಗೆ ಜೊತೆಗಾರ ಸಿಗದ ಕಾಲದಲ್ಲಿ ಕಥೆ ಅವನನ್ನು ಠಾಣೆಯ ಹೊರಗೆ, ಕಾನೂನಿನ ಆಚೆಬದಿಯಲ್ಲಿ ಹುಡುಕುತ್ತದೆ. ಹಾಲಿವುಡ್ಡಿನ ಜೋಡಿಚಿತ್ರಗಳ ಅಲೆ ಏಳುವ ಮೊದಲೇ ಈ ನಮೂನೆ ಇಲ್ಲಿ ಗಟ್ಟಿಯಾಗಿತ್ತು ಎಂಬುದನ್ನು ಗಮನಿಸಬೇಕು.

5. ಎರಡನೆಯ ಘಟ್ಟ: ಒಬ್ಬ ಕೆಟ್ಟವನು, ಉಳಿದವರೆಲ್ಲ ಒಳ್ಳೆಯವರು (1985–1992)

1980ರ ದಶಕದ ನಡುವಿಗೆ ಐಸಿಎಸಿ ಬೇರುಬಿಟ್ಟಿತ್ತು, ಪೊಲೀಸರ ಮೇಲಿನ ಜನರ ಅನುಮಾನವೂ ತಗ್ಗಿತ್ತು. ಜಾಕಿ ಚಾನ್ ಅವರ 'ಪೊಲೀಸ್ ಸ್ಟೋರಿ' (1985) ಬಂದದ್ದು ಈ ಹೊತ್ತಿನಲ್ಲಿ. ಮಾದಕದ್ರವ್ಯದ ದೊರೆಯ ಜೊತೆ ಕೈಜೋಡಿಸಿದ ಇನ್‌ಸ್ಪೆಕ್ಟರ್ ಮ್ಯಾನ್ ಇದರಲ್ಲಿದ್ದಾನೆ. ಆದರೆ ಅದೇ ದೊರೆಯ ಕಡೆಯವರು ಅವನನ್ನು ಕೊಂದು, ಆರೋಪವನ್ನು ನಾಯಕ ಚಾನ್ ಕಾ-ಕುಯಿ ತಲೆಗೆ ಕಟ್ಟುತ್ತಾರೆ. ಭ್ರಷ್ಟಾಚಾರ ವ್ಯವಸ್ಥೆಯಿಂದ ಇಳಿದು ಒಬ್ಬ ವ್ಯಕ್ತಿಯ ಮೈಗಂಟಿದೆ. ಅವನು ಸತ್ತರೆ ಅದೂ ಮುಗಿಯಿತು. ಇಲಾಖೆ ಪೆದ್ದಾಗಿರಬಹುದು, ಅಂಜುಬುರುಕವಾಗಿರಬಹುದು, ಕಳ್ಳನಲ್ಲ.

ಇಷ್ಟು ಭರವಸೆ ಹುಟ್ಟಿದ ಮೇಲೆ ಪೊಲೀಸ್ ಜೋಡಿಗೆ ತೆರೆಯ ಮೇಲೆ ಜಾಗ ಸಿಕ್ಕಿತು. ಕೋರಿ ಯುಯೆನ್ ಅವರ 'ಯೆಸ್, ಮೇಡಂ!' (1985) ಮಿಶೆಲ್ ಯೋ ಮತ್ತು ಸಿಂಥಿಯಾ ರಾಥ್‌ರಾಕ್ ಅವರನ್ನು ಜೊತೆಗೂಡಿಸಿ, ಈ ಪ್ರಕಾರ ಗಂಡಸರ ಸೊತ್ತಲ್ಲವೆಂದು ತೋರಿಸಿತು. ಆದರೂ ಹಳೆಯ ಸಂಶಯ ಪೂರ್ತಿ ಅಳಿಯಲಿಲ್ಲ. ರಿಂಗೋ ಲ್ಯಾಮ್ ಅವರ 'ಸಿಟಿ ಆನ್ ಫೈರ್' (1987) ಚಿತ್ರದಲ್ಲಿ ವೇಷ ಮರೆಸಿದ ಪೊಲೀಸನಿಗೆ ಮೇಲಧಿಕಾರಿಗಳಿಗಿಂತ ದರೋಡೆಕೋರನೇ ಹತ್ತಿರದವನಾಗುತ್ತಾನೆ. ಜಾನ್ ವೂ ಅವರ 'ಹಾರ್ಡ್ ಬಾಯಿಲ್ಡ್' (1992) ಎರಡೂ ಧಾರೆಗಳನ್ನು ಕೂಡಿಸುತ್ತದೆ. ಬಹಿರಂಗವಾಗಿ ಗುಂಡು ಹಾರಿಸುವ ಟಕೀಲಾ ಒಬ್ಬ, ಪಾತಕಿಗಳ ನಡುವೆ ಬದುಕುವ ಪೊಲೀಸ್ ಅಲನ್ ಇನ್ನೊಬ್ಬ. ಅಲನ್ ತಾನು ಕೊಂದ ಒಬ್ಬೊಬ್ಬರಿಗೂ ಒಂದೊಂದು ಕಾಗದದ ಕೊಕ್ಕರೆ ಮಡಿಸುತ್ತಾನೆ. ಗುಂಡಿನ ಸುರಿಮಳೆಗೆ ಹೆಸರಾದ ಚಿತ್ರದಲ್ಲಿ ಕೊಲೆಗಳ ಲೆಕ್ಕ ಇಟ್ಟಿರುವುದು ಈ ಒಬ್ಬ ಪಾತ್ರ ಮಾತ್ರ.

ಇದೇ ಹೊತ್ತಿಗೆ ಹಳೆಯ ಭ್ರಷ್ಟಾಚಾರ ಐತಿಹಾಸಿಕ ಚಿತ್ರದ ಸರಕಾಯಿತು. 1991ರ 'ಲೀ ರಾಕ್' ಚಿತ್ರದಲ್ಲಿ ಆ್ಯಂಡಿ ಲಾವ್ ವಹಿಸಿದ್ದು ಲುಯಿ ಲೋಕ್‌ನನ್ನು ಆಧರಿಸಿದ ಪಾತ್ರ. ಬಸ್ಸು ಹತ್ತಲಾರದೆ ಕಷ್ಟಪಟ್ಟ ತರುಣ ಅದರ ಚಾಲಕನೇ ಆಗುವ ಕಥೆಯನ್ನು ಜನ ಮುಚ್ಚಿಹೋದ ಅಧ್ಯಾಯವೆಂಬ ನಿಶ್ಚಿಂತೆಯಿಂದ ನೋಡಬಹುದಾಗಿತ್ತು. ಆದರೆ ಅದೇ ವರ್ಷಗಳಲ್ಲಿ ಟ್ರಯಾಡುಗಳು ಚಿತ್ರೋದ್ಯಮಕ್ಕೇ ಕೈಹಾಕಿದ್ದವು. ತಾರೆಯರ ಕಾಲ್‌ಶೀಟಿಗಾಗಿ ಬೆದರಿಕೆಗಳು ನಡೆಯುತ್ತಿದ್ದವು. 1992ರ ಜನವರಿಯಲ್ಲಿ ಕಲಾವಿದರೂ ತಂತ್ರಜ್ಞರೂ ಈ ಹಿಂಸೆಯ ವಿರುದ್ಧ ಮೆರವಣಿಗೆ ನಡೆಸಿದರು. ಪಾತಕಲೋಕವನ್ನು ಚಿತ್ರಿಸುತ್ತಿದ್ದವರೇ ಅದರ ಸಂತ್ರಸ್ತರೂ ಆಗಿದ್ದರು.

6. ಮೂರನೆಯ ಘಟ್ಟ: ಎರಡು ಕಡೆಯೂ ಒಳನುಸುಳಿದವರು (2002–2003)

1997ರ ಜುಲೈ 1ರಂದು ಹಾಂಗ್‌ಕಾಂಗ್ ಚೀನಾಕ್ಕೆ ಮರಳಿತು, ಪೊಲೀಸ್ ಪಡೆಯ ಹೆಸರಿನಿಂದ 'ರಾಯಲ್' ಬಿಟ್ಟುಹೋಯಿತು. ಐದು ವರ್ಷಗಳ ನಂತರ ಆ್ಯಂಡ್ರೂ ಲಾವ್ ಮತ್ತು ಅಲನ್ ಮ್ಯಾಕ್ ನಿರ್ದೇಶನದ 'ಇನ್‌ಫರ್ನಲ್ ಅಫೇರ್ಸ್' (2002) ಬಂತು. ಚಿತ್ರಕಥೆ ಅಲನ್ ಮ್ಯಾಕ್ ಮತ್ತು ಫೀಲಿಕ್ಸ್ ಚೋಂಗ್ ಅವರದು. ಟ್ರಯಾಡಿನೊಳಗೆ ಪೊಲೀಸ್ ಚಾನ್ ವಿಂಗ್-ಯಾನ್, ಪೊಲೀಸರೊಳಗೆ ಟ್ರಯಾಡಿನ ಲಾವ್ ಕಿನ್-ಮಿಂಗ್. ಒಬ್ಬರನ್ನೊಬ್ಬರು ಹುಡುಕುವ ಇವರು ಎದುರಾಳಿಗಳೇ ಹೊರತು ಸಹೋದ್ಯೋಗಿಗಳಲ್ಲ. ಆದರೂ ಇಬ್ಬರ ಕಷ್ಟ ಒಂದೇ, ಆದ್ದರಿಂದ ಒಬ್ಬನನ್ನು ಅರ್ಥಮಾಡಿಕೊಳ್ಳಬಲ್ಲವನು ಇನ್ನೊಬ್ಬನೇ. ಲಾವ್ ಪಾತ್ರ ವಹಿಸಿದವರು 'ಲೀ ರಾಕ್' ಚಿತ್ರದ ಅದೇ ಆ್ಯಂಡಿ ಲಾವ್.

ಹಳೆಯ ಭ್ರಷ್ಟ ಪೊಲೀಸನಿಗೆ ಬೇಕಿದ್ದದ್ದು ಹಣ. ಲಾವ್‌ಗೆ ಬೇಕಾದದ್ದು ಒಳ್ಳೆಯವನೆನಿಸಿಕೊಳ್ಳುವ ಅವಕಾಶ, ಅಂದರೆ 1977ರ ಕ್ಷಮಾದಾನದಂಥದ್ದೇ ಒಂದು ಕ್ಷಮೆ. ಮೂಲ ಚಿತ್ರದಲ್ಲಿ ಅವನು ಸಿಕ್ಕಿಬೀಳದೆ ಪೊಲೀಸ್ ಗುರುತಿನ ಚೀಟಿ ಹಿಡಿದು ಹೊರಬರುತ್ತಾನೆ. ಚೀನಾದ ಮುಖ್ಯಭೂಮಿಗಾಗಿ ತಯಾರಾದ ಮತ್ತೊಂದು ಅಂತ್ಯದಲ್ಲಿ ಅವನನ್ನು ಬಂಧಿಸುತ್ತಾರೆ. ಅಪರಾಧಿ ದಂಡನೆಯಿಲ್ಲದೆ ಉಳಿಯಬಾರದೆಂಬ ಅಲ್ಲಿನ ಸೆನ್ಸಾರ್ ನಿಲುವು ಮುಂದೆ ಜಂಟಿ ನಿರ್ಮಾಣಗಳ ಕಾಲದಲ್ಲಿ ಇಡೀ ಪ್ರಕಾರವನ್ನೇ ಬಿಗಿಯಿತು.

ಜೊತೆಗಾರಿಕೆಯ ಅತ್ಯಂತ ಗಂಭೀರ ವಿಚಾರಣೆ ಇರುವುದು 2003ರ ಎರಡನೆಯ ಭಾಗದಲ್ಲಿ. 1991ರಿಂದ 1997ರವರೆಗಿನ ಕಥೆಯಲ್ಲಿ ವಾಂಗ್ ಮತ್ತು ಲುಕ್ ಗೆಳೆಯರಾದ ಅಧಿಕಾರಿಗಳು. ಟ್ರಯಾಡ್ ನಾಯಕನೊಬ್ಬನ ಕೊಲೆಗೆ ಗುಟ್ಟಾಗಿ ಕುಮ್ಮಕ್ಕು ಕೊಟ್ಟವನು ವಾಂಗ್. ಅವನಿಗೆಂದು ಕಾರಿನಲ್ಲಿಟ್ಟ ಬಾಂಬಿಗೆ ಬಲಿಯಾಗುವವನು ಲುಕ್. ವಾಂಗ್ ಒಂದು ಡಾಲರ್ ಮುಟ್ಟಿದವನಲ್ಲ. ಲಂಚವಿಲ್ಲದೆಯೂ ಪೊಲೀಸ್ ಕೆಡಬಲ್ಲ, ಅದರ ಬೆಲೆಯನ್ನು ಜೊತೆಗಾರ ತೆರುತ್ತಾನೆ. ಮಾರ್ಟಿನ್ ಸ್ಕಾರ್ಸೇಸಿ ಮೊದಲ ಭಾಗವನ್ನು ಬೋಸ್ಟನ್ನಿಗೆ ಒಯ್ದು 'ದ ಡಿಪಾರ್ಟೆಡ್' (2006) ಮಾಡಿದರು, ಅದು ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದಿತು. ಎರವಲಿನ ದಾರಿ ಈ ಬಾರಿ ತಿರುವುಮುರುವಾಗಿತ್ತು.

7. ನಾಲ್ಕನೆಯ ಘಟ್ಟ: ಷೇರುಪೇಟೆ ಮತ್ತು ಮೇಲಿನ ಮಹಡಿ (2009–2016)

ಮ್ಯಾಕ್ ಮತ್ತು ಚೋಂಗ್ ಜೋಡಿಯ 'ಓವರ್‌ಹರ್ಡ್' (2009) ಮಾಮೂಲಿನ ಜಾಗಕ್ಕೆ ಷೇರುಪೇಟೆಯನ್ನು ತಂದಿತು. ಕಂಪನಿಯೊಂದರ ಮಾತುಕತೆಗಳನ್ನು ಕದ್ದಾಲಿಸುವ ಮೂವರು ಪೊಲೀಸರ ಕಿವಿಗೆ ಷೇರಿನ ಗುಟ್ಟೊಂದು ಬೀಳುತ್ತದೆ. ಇಬ್ಬರು ಅದನ್ನು ಬಳಸಿಕೊಳ್ಳುತ್ತಾರೆ. ಮೂರನೆಯವನು ಗೆಳೆತನಕ್ಕೆ ಕಟ್ಟುಬಿದ್ದು ಮುಚ್ಚಿಹಾಕುತ್ತಾನೆ. ಬಸ್ಸಿನ ಪಕ್ಕದಲ್ಲಿ ಓಡುವವನ ಕಥೆಯನ್ನು ಇಷ್ಟು ನೇರವಾಗಿ ಹೇಳಿದ ಚಿತ್ರ ಬಹುಶಃ ಇನ್ನೊಂದಿಲ್ಲ. ಅವನು ಕದಿಯಲಿಲ್ಲ, ತಡೆಯಲೂ ಇಲ್ಲ. ಸ್ನೇಹವೇ ಇಲ್ಲಿ ಅಪರಾಧದ ಸಾಧನ.

ಲಾಂಗ್‌ಮನ್ ಲ್ಯೂಂಗ್ ಮತ್ತು ಸನ್ನಿ ಲುಕ್ ಅವರ 'ಕೋಲ್ಡ್ ವಾರ್' (2012) ಜೋಡಿಯನ್ನು ಬೀದಿಯಿಂದ ಎತ್ತಿ ಮೇಲಿನ ಮಹಡಿಗೆ ಒಯ್ಯುತ್ತದೆ. ಐವರು ಸಿಬ್ಬಂದಿಯೊಡನೆ ಪೊಲೀಸ್ ವ್ಯಾನೊಂದು ಕಾಣೆಯಾದಾಗ ಇಬ್ಬರು ಉಪ ಆಯುಕ್ತರು ಅಧಿಕಾರಕ್ಕಾಗಿ ಸೆಣಸುತ್ತಾರೆ, ಐಸಿಎಸಿ ಇಬ್ಬರ ಮೇಲೂ ಕಣ್ಣಿಡುತ್ತದೆ. ಬಂದೂಕಿಗಿಂತ ನಿಯಮಾವಳಿ, ಸಭೆ, ಸಹಿಗಳೇ ಇಲ್ಲಿ ಆಯುಧ. ಡೇವಿಡ್ ಲ್ಯಾಮ್ 2014ರಲ್ಲಿ 'ಝಡ್ ಸ್ಟಾರ್ಮ್' ಮೂಲಕ ಆರಂಭಿಸಿದ ಸರಣಿಯಲ್ಲಿ ಐಸಿಎಸಿ ಅಧಿಕಾರಿಯೇ ನಾಯಕ. 2016ರ 'ಎಸ್ ಸ್ಟಾರ್ಮ್' ಹೊತ್ತಿಗೆ ಅವನಿಗೆ ಜೊತೆಯಾಗಿ ಒಬ್ಬ ಪೊಲೀಸ್ ಇನ್‌ಸ್ಪೆಕ್ಟರ್ ಬರುತ್ತಾನೆ.

8. ಸಮಾರೋಪ

ಪೊಲೀಸರ ತನಿಖೆ ಪೊಲೀಸರದೇ ಕೈಯಲ್ಲಿದ್ದ ಕಾಲದ ನೆನಪು ಹಸಿಯಾಗಿದ್ದಾಗ ಚಿತ್ರಗಳಿಗೆ ಜೊತೆಗಾರನನ್ನು ನಂಬಲಾಗಲಿಲ್ಲ. ತನಿಖೆ ಹೊರಗಿನವರ ಕೈಗೆ ಹೋಗಿ ಗಟ್ಟಿಯಾದಾಗ ಪೊಲೀಸ್ ಜೋಡಿ ಅರಳಿತು. ಆಳುವವರೇ ಬದಲಾದ ಮೇಲೆ ನಿಷ್ಠೆಯ ಪ್ರಶ್ನೆ ಹಣದಿಂದ ಗುರುತಿಗೆ ಸರಿಯಿತು. ಹಾಲಿವುಡ್ಡಿನ ಪ್ರಭಾವ, ಗಲ್ಲಾಪೆಟ್ಟಿಗೆಯ ಒತ್ತಡ, ಮುಖ್ಯಭೂಮಿಯ ಮಾರುಕಟ್ಟೆ ಇವೂ ಕಾರಣಗಳೇ. ಆದರೆ ಇಷ್ಟು ಬದಲಾವಣೆಗಳ ನಡುವೆಯೂ ಸಂಶಯ ಮತ್ತೆಮತ್ತೆ ಅದೇ ಪಕ್ಕದ ಸೀಟಿಗೆ ಮರಳುವುದೇಕೆಂದು ಅವು ಹೇಳಲಾರವು.

'ಎಸ್ ಸ್ಟಾರ್ಮ್' ಚಿತ್ರದ ಜೋಡಿ ಈ ದೃಷ್ಟಿಯಿಂದ ಗಮನಾರ್ಹ. 1977ರಲ್ಲಿ ಐಸಿಎಸಿ ಕಚೇರಿಗೆ ನುಗ್ಗಿದ ಇಲಾಖೆ ತೆರೆಯ ಮೇಲೆ ಈಗ ಅದರ ಸಂಗಾತಿ. ಆದರೆ ಇಬ್ಬರಲ್ಲಿ ಯಾರನ್ನೂ ಶಂಕಿಸುವ ಅಗತ್ಯ ಪ್ರೇಕ್ಷಕನಿಗೆ ಬೀಳುವುದಿಲ್ಲ, ಖಳರು ಹೊರಗೆ ಸ್ಪಷ್ಟವಾಗಿ ಕಾಣುತ್ತಾರೆ. ಸಂಸ್ಥೆಗಳ ನಡುವಿನ ರಾಜಿ ನಗರಕ್ಕೆ ಒಳ್ಳೆಯದಿರಬಹುದು; ಈ ಪ್ರಕಾರ ಮಾತ್ರ ಕಸುವು ಪಡೆದದ್ದು ರಾಜಿಯಾಗದ ಸಂಶಯದಿಂದ. ಬಸ್ಸಿನ ಎದುರಿಗೆ ನಿಲ್ಲುವವನ ಧೈರ್ಯಕ್ಕಿಂತ ಪಕ್ಕದಲ್ಲಿ ಓಡುವವನ ಸಂಕಟ ಹೆಚ್ಚು ಜಟಿಲ ಎಂಬುದನ್ನು ಅದರ ಉತ್ತಮ ಚಿತ್ರಗಳು ಅರಿತಿದ್ದವು. ಆ ಅರಿವು ಬಂದದ್ದು ಠಾಣೆಗಳ ಒಳಗಿನಿಂದ.