ನಡುಹಗಲಿನ ಪಿಶಾಚಿ: ಸೋಮಾರಿತನಕ್ಕೂ ಒಂದು ಇತಿಹಾಸ ಇದೆ

ಇವತ್ತು ಸೋಮಾರಿತನದ ಇತಿಹಾಸ ಹೇಳ್ತೀನಿ. ನಗಬೇಡಿ. ಈ ಇತಿಹಾಸ ಶುರುವಾಗೋದು ಸುಮಾರು 1,600 ವರ್ಷಗಳ ಹಿಂದೆ, ಈಜಿಪ್ಟಿನ ಮರಳುಗಾಡಿನಲ್ಲಿ. ಆದರೆ ಅಲ್ಲಿಗೆ ಹೋಗೋ ಮೊದಲು ನಾನು ಅಲ್ಲಿಗೆ ಯಾಕೆ ಹೋದೆ ಅನ್ನೋದನ್ನ ಹೇಳಿಬಿಡ್ತೀನಿ.

ಹುಬ್ಬಳ್ಳಿಯಲ್ಲಿರುವ ನಮ್ಮವ್ವ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಕೀರ್ತನೆಗಳನ್ನ ಕೈಯಾರೆ ಬರೆದುಕೊಳ್ತಾ ಬಂದಿದ್ದಳು. 72ನೇ ಕೀರ್ತನೆ ಮುಗಿಯೋ ಹೊತ್ತಿಗೆ ಅವಳ ಕಣ್ಣು ಮಂಜಾಯಿತು. ಪುಸ್ತಕವನ್ನ ನನ್ನ ಕೈಗೆ ಕೊಟ್ಟು, "ಉಳಿದದ್ದು ನೀ ಬರೀಪಾ" ಅಂದಳು. ಆ ಪುಸ್ತಕ ಪುಣೆಯ ನನ್ನ ಮನೆಯ ಡ್ರಾಯರಿನಲ್ಲಿ ಎರಡು ವರ್ಷ ಮಲಗಿತ್ತು. ನಾನು ಮೈಗಳ್ಳ ಅಂತ ಯಾರೂ ಹೇಳೋ ಹಾಗಿಲ್ಲ. ರಾತ್ರಿ ರಿಲೀಸ್ ಇದ್ದರೆ ರಾತ್ರಿಯಿಡೀ ಕೂತಿದ್ದೇನೆ, ಶನಿವಾರ ಭಾನುವಾರ ಅಂತ ನೋಡಿದವನಲ್ಲ. ಆದರೆ ದಿನಕ್ಕೆ ಹತ್ತು ವಚನ ಬರೆಯೋದು ಮಾತ್ರ ಆಗಲಿಲ್ಲ. ಇಷ್ಟು ದುಡಿಯೋ ಮನುಷ್ಯ ಅಷ್ಟು ಚಿಕ್ಕ ಕೆಲಸದಿಂದ ಯಾಕೆ ಓಡಿಹೋಗ್ತಾನೆ? ಇದಕ್ಕೆ ಉತ್ತರ ಹುಡುಕ್ತಾ ಹೋದಾಗ ಸಿಕ್ಕವನು ಇವಾಗ್ರಿಯಸ್.

ಇವಾಗ್ರಿಯಸ್ ಹುಟ್ಟಿದ್ದು ಕ್ರಿ.ಶ. 345ರ ಸುಮಾರಿಗೆ, ಕಪ್ಪು ಸಮುದ್ರದ ದಕ್ಷಿಣಕ್ಕಿರುವ ಪೊಂಟಸ್ ಪ್ರಾಂತ್ಯದಲ್ಲಿ. ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಸಭಾಸೇವಕನಾಗಿದ್ದ, ಒಳ್ಳೆ ವಾಗ್ಮಿ. ಆಮೇಲೆ ಎಲ್ಲವನ್ನೂ ಬಿಟ್ಟು ಈಜಿಪ್ಟಿಗೆ ಬಂದ. ನೈಲ್ ನದಿಯ ಮುಖಜಭೂಮಿಯ ಪಕ್ಕದ ಮರಳುಗಾಡಿನಲ್ಲಿ ಕೆಲ್ಲಿಯಾ ಅನ್ನೋ ಜಾಗ ಇತ್ತು. ಹೆಸರಿನ ಅರ್ಥವೇ 'ಕೋಣೆಗಳು'. ಒಬ್ಬೊಬ್ಬ ಸನ್ಯಾಸಿಗೆ ಒಂದೊಂದು ಗೂಡು. ಹೊಟ್ಟೆಪಾಡಿಗೆ ಇವನು ಪುಸ್ತಕಗಳ ಪ್ರತಿ ಮಾಡಿಕೊಡ್ತಿದ್ದ. 399ರಲ್ಲಿ ಸಾಯೋವರೆಗೂ ಅವನು ಇದ್ದದ್ದು ಅಲ್ಲೇ.

ಮನಸ್ಸನ್ನ ಕೆಡಿಸೋ ಎಂಟು ಕೆಟ್ಟ ಯೋಚನೆಗಳ ಪಟ್ಟಿ ಅವನು ಮಾಡಿದ. ಅದರಲ್ಲಿ ಒಂದರ ಹೆಸರು ಗ್ರೀಕಿನಲ್ಲಿ 'ಅಕೇಡಿಯಾ'. ಬಿಡಿಸಿ ಹೇಳಿದರೆ 'ಕಾಳಜಿ ಇಲ್ಲದಿರುವುದು'. 91ನೇ ಕೀರ್ತನೆಯ ಗ್ರೀಕ್ ಅನುವಾದದಲ್ಲಿ ಬರುವ ಒಂದು ಮಾತನ್ನ ಹಿಡಿದು ಇದನ್ನ 'ನಡುಹಗಲಿನ ಪಿಶಾಚಿ' ಅಂತಲೂ ಕರೆದರು. ಅದು ಬರೋ ಹೊತ್ತನ್ನೂ ಅವನು ಗುರುತು ಹಾಕಿದ್ದಾನೆ: ಬೆಳಿಗ್ಗೆ ಸುಮಾರು ಹತ್ತರಿಂದ ಮಧ್ಯಾಹ್ನ ಎರಡರವರೆಗೆ.

ಅವನು ಹೇಳೋ ಲಕ್ಷಣಗಳನ್ನ ನನ್ನ ಮಾತಿನಲ್ಲಿ ಹೇಳ್ತೀನಿ, ನಿಮ್ಮ ಮನೆಯ ಮೇಜು ಕುರ್ಚಿ ನೆನಪಿಗೆ ಬಂದರೆ ಆಶ್ಚರ್ಯ ಇಲ್ಲ. ಸೂರ್ಯ ನಿಂತಲ್ಲೇ ನಿಂತ ಹಾಗೆ ಕಾಣ್ತಾನೆ, ದಿನಕ್ಕೆ ಐವತ್ತು ಗಂಟೆ ಇದೆ ಅನ್ನಿಸುತ್ತೆ. ಸನ್ಯಾಸಿ ಕಿಟಕಿ ಕಡೆ ನೋಡ್ತಾನೆ. ಹೊರಗೆ ಬಂದು ಊಟದ ಹೊತ್ತಿಗೆ ಇನ್ನೆಷ್ಟಿದೆ ಅಂತ ಸೂರ್ಯನನ್ನ ನೋಡ್ತಾನೆ. ಮಾತಾಡೋಕೆ ಯಾರಾದರೂ ಬರ್ತಾರಾ ಅಂತ ಅತ್ತಿತ್ತ ನೋಡ್ತಾನೆ. ಆಮೇಲೆ ಈ ಜಾಗವೇ ಸರಿ ಇಲ್ಲ ಅನ್ನಿಸುತ್ತೆ. ಇಲ್ಲಿಯವರಿಗೆ ಪ್ರೀತಿ ಇಲ್ಲ, ಈಚೆಗೆ ಯಾರೋ ನೋಯಿಸಿದ್ದು ನೆನಪಾಗುತ್ತೆ. ಬೇರೆ ಕಡೆ ಹೋದರೆ ಕೆಲಸ ಸುಲಭ, ಲಾಭ ಹೆಚ್ಚು ಅನ್ನಿಸುತ್ತೆ. ಊರು, ಮನೆಯವರು ನೆನಪಾಗ್ತಾರೆ. ಕೊನೆಗೆ, ಇನ್ನೂ ಎಷ್ಟು ವರ್ಷ ಹೀಗೇ ಅನ್ನೋ ಪ್ರಶ್ನೆ ಬಂದು ಎದೆ ಮೇಲೆ ಕೂರುತ್ತೆ.

ಗಮನಿಸಿ, ಈ ಮನುಷ್ಯ ನಿದ್ದೆ ಮಾಡ್ತಿಲ್ಲ. ಅವನ ಮನಸ್ಸು ಇದ್ದ ಕಡೆ ಒಂದನ್ನ ಬಿಟ್ಟು ಊರೆಲ್ಲ ಸುತ್ತುತ್ತಿದೆ. ಅಕೇಡಿಯಾ ಒಳ್ಳೆಯ ವೇಷದಲ್ಲೂ ಬರುತ್ತೆ: ಕಾಯಿಲೆ ಬಿದ್ದವರನ್ನ ನೋಡಿಕೊಂಡು ಬಾ, ಅದು ಪುಣ್ಯದ ಕೆಲಸ ಅನ್ನುತ್ತೆ. ಹೊರಡೋದು ಮಾತ್ರ ಕೋಣೆಯಿಂದ ತಪ್ಪಿಸಿಕೊಳ್ಳೋಕೆ. ಇದನ್ನ ಓದಿದಾಗ ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ನನ್ನ ವೇಷ ಆಫೀಸು. ಅದು ಒಳ್ಳೆಯ ವೇಷ, ಯಾರೂ ಪ್ರಶ್ನೆ ಕೇಳೋದಿಲ್ಲ.

ಮದ್ದು ಏನು? ಮರಳುಗಾಡಿನ ಹಿರಿಯರಲ್ಲಿ ಮೊದಲ ದೊಡ್ಡ ಹೆಸರು ಅಂತೋನಿಯದು, ತೀರಿಕೊಂಡದ್ದು 356ರಲ್ಲಿ. ಅವನಿಗೂ ಈ ಬೇಸರ ಬಂತಂತೆ. ಏನು ಮಾಡಲಿ ಅಂತ ದೇವರನ್ನ ಕೇಳಿ ಹೊರಗೆ ಬಂದರೆ, ತನ್ನ ಹಾಗೇ ಇರುವ ಒಬ್ಬ ಕೂತು ಹಗ್ಗ ಹೊಸೀತಿದ್ದ. ಸ್ವಲ್ಪ ಹೊತ್ತಿಗೆ ಎದ್ದು ಪ್ರಾರ್ಥನೆ ಮಾಡಿದ. ಮತ್ತೆ ಕೂತು ಹೊಸೆದ, ಮತ್ತೆ ಎದ್ದ. ಅವನು ದೇವದೂತ, ಹೀಗೇ ಮಾಡು ಅಂತ ತೋರಿಸೋಕೆ ಬಂದಿದ್ದ ಅಂತ ಕತೆ. ಉಪದೇಶ ಅಷ್ಟೇ: ಕೆಲಸ, ಪ್ರಾರ್ಥನೆ, ಕೆಲಸ, ಪ್ರಾರ್ಥನೆ.

ಇವಾಗ್ರಿಯಸ್ ಇದಕ್ಕೆ ಇನ್ನೊಂದು ಸೇರಿಸಿದ: ಯಾವ ಕೆಲಸಕ್ಕಾದರೂ ನಿನಗೆ ನೀನೇ ಒಂದು ಅಳತೆ ಇಟ್ಟುಕೋ, ಅಷ್ಟು ಮುಗಿಯೋವರೆಗೆ ಏಳಬೇಡ.

ಅವನ ವಿಚಾರಗಳನ್ನ ಪಶ್ಚಿಮಕ್ಕೆ ಒಯ್ದವನು ಜಾನ್ ಕ್ಯಾಸಿಯನ್. ಐದನೇ ಶತಮಾನದ ಆರಂಭದಲ್ಲಿ ಮಾರ್ಸೇಲ್ ನಗರದಲ್ಲಿ ಕೂತು ಬರೆದ. ಅವನು ಹೇಳೋ ಪೌಲನ ಕತೆ (ಅಪೊಸ್ತಲನಲ್ಲ, ಮರಳುಗಾಡಿನ ಒಬ್ಬ ಹಿರಿಯ) ನನಗೆ ತುಂಬಾ ಇಷ್ಟ. ಖರ್ಜೂರದ ಮರ, ಸಣ್ಣ ತೋಟ ಇದ್ದದ್ದರಿಂದ ಅವನಿಗೆ ಊಟದ ಚಿಂತೆ ಇರಲಿಲ್ಲ. ಊರು ಏಳು ದಿನಕ್ಕಿಂತ ಹೆಚ್ಚಿನ ದಾರಿ, ಬುಟ್ಟಿ ಹೆಣೆದು ಮಾರೋಣ ಅಂದರೆ ಸಾಗಿಸೋ ಖರ್ಚೇ ಜಾಸ್ತಿ. ಆದರೂ ಅದರಿಂದಲೇ ಹೊಟ್ಟೆ ತುಂಬಬೇಕು ಅನ್ನೋ ಹಾಗೆ ದಿನಾ ಲೆಕ್ಕ ಇಟ್ಟು ಗರಿಯ ಕೆಲಸ ಮಾಡ್ತಿದ್ದ. ವರ್ಷದ ಕೊನೆಗೆ ಗವಿ ತುಂಬಿದಾಗ ಎಲ್ಲಕ್ಕೂ ಬೆಂಕಿ ಇಟ್ಟು ಮತ್ತೆ ಶುರು ಮಾಡ್ತಿದ್ದ. ನಮ್ಮ ಲೆಕ್ಕದಲ್ಲಿ ಇದು ಹುಚ್ಚು. ಅವನ ಲೆಕ್ಕದಲ್ಲಿ ಕೆಲಸದಿಂದ ತಯಾರಾಗುತ್ತಿದ್ದದ್ದು ಅವನೇ.

ಆರನೇ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟ್ ತನ್ನ ಮಠದ ನಿಯಮಾವಳಿಯಲ್ಲಿ ಇದಕ್ಕೊಂದು ವೇಳಾಪಟ್ಟಿ ಕೊಟ್ಟ. 48ನೇ ಅಧ್ಯಾಯದಲ್ಲಿ ದುಡಿಮೆಗೆ ಇಷ್ಟು ಹೊತ್ತು, ಓದಿಗೆ ಇಷ್ಟು ಹೊತ್ತು ಅಂತ ಹಂಚಿದ್ದಾನೆ. ಓದೋ ಹೊತ್ತಿನಲ್ಲಿ ಯಾರು ಹರಟೆ ಹೊಡೀತಿದ್ದಾರೆ ಅಂತ ನೋಡೋಕೆ ಹಿರಿಯರು ಒಂದು ಸುತ್ತು ಬರಬೇಕು. ಆದರೆ ಬೇಸಿಗೆಯಲ್ಲಿ ಮಧ್ಯಾಹ್ನದ ಊಟ ಆದ ಮೇಲೆ ಮಲಗೋಕೂ ಅಲ್ಲಿ ಹೊತ್ತಿದೆ! ಬಲ ಇಲ್ಲದವರನ್ನ ನೋಡಿಕೊಂಡು ಎಲ್ಲ ಮಿತವಾಗಿರಲಿ ಅಂತಲೂ ಬರೆದಿದ್ದಾನೆ. ಹಾಗಾಗಿ ಶ್ರದ್ಧೆ ಅಂದರೆ ಮೈ ಮುರಿಯೋದು ಅಂತ ಅರ್ಥ ಮಾಡಿಕೊಳ್ಳಬೇಡಿ.

ಹದಿಮೂರನೇ ಶತಮಾನದ ಥಾಮಸ್ ಅಕ್ವೈನಾಸ್ ಇನ್ನೂ ಆಳಕ್ಕೆ ಹೋದ. ಈ ಜಡತನ ದೇವರ ಪ್ರೀತಿಯಲ್ಲಿ ಸಿಗೋ ಸಂತೋಷಕ್ಕೆ ವಿರುದ್ಧ ಅಂದ. ಅಷ್ಟೇ ಅಲ್ಲ, ಇದು ಮುರಿಯೋದು ಸಬ್ಬತ್ ದಿನದ ಆಜ್ಞೆಯನ್ನ, ಯಾಕಂದರೆ ಮನಸ್ಸು ದೇವರಲ್ಲಿ ವಿಶ್ರಾಂತಿ ಪಡೆಯೋದನ್ನ ಇದು ಒಲ್ಲೆ ಅನ್ನುತ್ತೆ. ಅಂದರೆ ವಿಶ್ರಾಂತಿಯನ್ನೇ ಅರಿಯದ ಮನುಷ್ಯನೂ ಸೋಮಾರಿ ಆಗಿರಬಹುದು. ಮುಂದೆ ಜನರ ಬಾಯಲ್ಲಿ ಈ ಪಾಪ ಬರೀ 'ಕೆಲಸಗಳ್ಳತನ' ಆಯಿತು, ಒಳಗಿನ ಅರ್ಥ ಸವೆದುಹೋಯಿತು. ಅದಕ್ಕೆ ಎದುರಾದ ಗುಣಕ್ಕೆ ಲ್ಯಾಟಿನ್‌ನಲ್ಲಿ 'ಡಿಲಿಜೆಂಶಿಯಾ' ಅಂತಾರೆ. ಆ ಪದದ ಮೂಲದಲ್ಲಿರೋದು ಪ್ರೀತಿಸು ಅನ್ನೋ ಕ್ರಿಯಾಪದ. ಶ್ರದ್ಧೆಯಿಂದ ದುಡಿಯೋದು ಅಂದರೆ ಪ್ರೀತಿ ಇಟ್ಟು ಕೂರೋದು.

ಇಂಥ ಶ್ರದ್ಧೆಯ ಫಲವನ್ನ ಕನ್ನಡಿಗರಾದ ನಾವು ದಿನಾ ಉಣ್ತಿದ್ದೇವೆ. ಬಾಸೆಲ್ ಮಿಶನ್ನಿನ ಫರ್ಡಿನಂಡ್ ಕಿಟ್ಟೆಲ್ ಜರ್ಮನಿಯಿಂದ ಇಲ್ಲಿಗೆ ಬಂದದ್ದು 1853ರಲ್ಲಿ, ಆಗ ಅವರಿಗೆ 21 ವರ್ಷ. ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ, ಅಂದರೆ 41 ವರ್ಷಗಳ ಮೇಲೆ. ಸುಮಾರು 70,000 ಪದಗಳು. ನಡುವೆ 'ಶಬ್ದಮಣಿದರ್ಪಣ', 'ಛಂದೋಂಬುಧಿ'ಗಳ ಸಂಪಾದನೆ ಬೇರೆ. ಒಂದು ಪದ, ಅದರ ಅರ್ಥ, ಅದರ ಬಳಕೆ, ಆಮೇಲೆ ಇನ್ನೊಂದು ಪದ. ಹನಿ ಹನಿ ಕೂಡಿದರೆ ಹಳ್ಳ ಅಂತೀವಲ್ಲ, ಆ ಹಳ್ಳದಲ್ಲಿ ಈಗಲೂ ನೀರಿದೆ.

ನಾನು ಕಿಟ್ಟೆಲ್ ಆಗೋದಿಲ್ಲ. ದಿನಕ್ಕೆ ಹತ್ತು ವಚನ ಅಂತ ಅಳತೆ ಇಟ್ಟುಕೊಂಡೆ, ಹನ್ನೊಂದೂ ಬೇಡ. ಮಧ್ಯಾಹ್ನ ಊಟ ಆದ ಮೇಲೆ, ಆ ಪಿಶಾಚಿಯ ಹೊತ್ತಿನಲ್ಲೇ, ಫೋನನ್ನ ಒಳಗಿನ ಕೋಣೆಯಲ್ಲಿಟ್ಟು ಕೂರ್ತೀನಿ. ಮೊದಲ ವಾರ ಮೂರು ದಿನ ತಪ್ಪಿತು. ಬಿಟ್ಟ ದಿನದ ಸಾಲ ತೀರಿಸೋಕೆ ಹೋಗಲಿಲ್ಲ, ಮಾರನೇ ದಿನ ಮತ್ತೆ ಹತ್ತು ವಚನ ಬರೆದೆ ಅಷ್ಟೇ. ಈಗ 91 ದಾಟಿದ್ದೇನೆ. ಮುಂದೆ 119 ಇದೆ, ಅದೊಂದರಲ್ಲೇ 176 ವಚನ, ಹದಿನೆಂಟು ದಿನದ ಕೆಲಸ.

ಭಾನುವಾರ ಫೋನ್ ಮಾಡಿದಾಗ ಅವ್ವ ಕೇಳ್ತಾಳೆ, "ಎಲ್ಲಿ ತನಕಾ ಬಂತಪಾ?" ಎರಡು ವರ್ಷ ಈ ಪ್ರಶ್ನೆಗೆ ಮಾತು ಮರೆಸ್ತಿದ್ದೆ. ಈಗ ಬರೆದದ್ದನ್ನ ಓದಿ ಹೇಳ್ತೀನಿ. ಅವಳು ಕಣ್ಣು ಮುಚ್ಚಿಕೊಂಡು ಕೇಳ್ತಾಳಂತೆ, ನನ್ನ ತಂಗಿ ಹೇಳಿದಳು. ನಿಮ್ಮ ಡ್ರಾಯರಿನಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ಒಮ್ಮೆ ತೆಗೆದು ನೋಡಿ.