ನಾಗಾವಿಯ ವಿಶ್ವವಿದ್ಯಾಲಯ, ಸುತ್ತಲಿನ ಊರು ಮತ್ತು ವಿದ್ಯಾರ್ಥಿಗಳ ದನಿ

ಕರ್ನಾಟಕ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ 2016ರ ಕಾಯ್ದೆಯ ಮೂಲಕ ಸ್ಥಾಪನೆಯಾಯಿತು. ಗದಗ ತಾಲ್ಲೂಕಿನ ನಾಗಾವಿಯಲ್ಲಿ ಅದರ ಆವರಣವಿದೆ. ಸಾಬರಮತಿ ಆಶ್ರಮದ ಪ್ರತಿಕೃತಿಯೂ ಅಲ್ಲಿಯೇ ಇದೆ. ಗ್ರಾಮಸಭೆ ಎಂದರೇನು, ಊರಿನ ಯೋಜನೆ ಹೇಗೆ ತಯಾರಾಗುತ್ತದೆ ಎಂಬುದೇ ಇಲ್ಲಿಯ ಪಾಠ. ಆದರೆ ಆ ಪಾಠ ಕಲಿಯುವ ವಿದ್ಯಾರ್ಥಿ ಹಾಸ್ಟೆಲ್ ದಾಟಿ ಊರೊಳಗೆ ಕಾಲಿಟ್ಟಾಗ, ಆ ಊರಿನ ಬೆಳವಣಿಗೆಯ ಬಗ್ಗೆ ಮಾತನಾಡಲು ಅವನಿಗೆ ಅಥವಾ ಅವಳಿಗೆ ಎಷ್ಟು ಅವಕಾಶವಿದೆ?

ಆವರಣದ ಸುತ್ತ ಬದಲಾಗುವುದೇನು?

ಹಳ್ಳಿಯ ಮಗ್ಗುಲಿಗೆ ದೊಡ್ಡ ಶಿಕ್ಷಣ ಸಂಸ್ಥೆ ಬಂದರೆ ಮೊದಲು ಏರುವುದು ಭೂಮಿಯ ಬೆಲೆ. ಎರಿಹೊಲಗಳು ಬಿನ್‌ಶೇತ್ಕಿಯಾಗಿ (ಕೃಷಿಯೇತರ ಜಮೀನಾಗಿ) ಪ್ಲಾಟುಗಳಾಗುತ್ತವೆ, ಬಾಡಿಗೆ ಖೋಲಿಗಳು ಏಳುತ್ತವೆ, ಖಾನಾವಳಿ, ಜೆರಾಕ್ಸ್ ಅಂಗಡಿ ಬರುತ್ತವೆ. ನೀರು, ಗಟಾರ, ಬೀದಿದೀಪ ಮಾತ್ರ ಹಿಂದೆ ಉಳಿಯುತ್ತವೆ. ಸಂಜೆ ಬಸ್ ಇಳಿದು ಕತ್ತಲಲ್ಲಿ ನಡೆದು ಹೋಗುವ ಹುಡುಗಿಗೆ ದೀಪದ ಕಂಬ ಎಲ್ಲಿರಬೇಕು ಎಂಬುದು ಯಾವ ಎಂಜಿನಿಯರಿಗಿಂತಲೂ ಚೆನ್ನಾಗಿ ಗೊತ್ತಿರುತ್ತದೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯಿಂದ ಪಾಸಿನ ಮೇಲೆ ದಿನಾ ಗದಗಕ್ಕೆ ಓಡಾಡುವವರಿಗೆ ಬಸ್ಸಿನ ವೇಳೆಯೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ.

ಗ್ರಾಮಸಭೆಯ ಬಾಗಿಲು

ಸಂವಿಧಾನದ 243ನೇ ವಿಧಿಯ ಪ್ರಕಾರ ಗ್ರಾಮಸಭೆ ಎಂದರೆ ಪಂಚಾಯಿತಿ ವ್ಯಾಪ್ತಿಯ ಹಳ್ಳಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವವರ ಸಭೆ. ಕಲಬುರಗಿಯಿಂದಲೋ ಚಾಮರಾಜನಗರದಿಂದಲೋ ಬಂದು ಇಲ್ಲಿ ಎರಡು ವರ್ಷ ಎಂ.ಎ. ಓದುವವರ ಹೆಸರು ಸಾಮಾನ್ಯವಾಗಿ ತವರೂರಿನ ಪಟ್ಟಿಯಲ್ಲೇ ಇರುತ್ತದೆ. ಹೀಗಾಗಿ ಅವರು ನಾಗಾವಿಯ ನೀರು ಕುಡಿದರೂ ಅಲ್ಲಿಯ ಗ್ರಾಮಸಭೆಯ ಸದಸ್ಯರಲ್ಲ.

ಇದಕ್ಕೆ ಕಾನೂನಿನಲ್ಲೇ ಒಂದು ದಾರಿಯಿದೆ, ಹೆಚ್ಚಿನ ವಿದ್ಯಾರ್ಥಿಗಳಿಗೆ ಅದು ತಿಳಿದಿಲ್ಲ. ಕನಿಷ್ಠ ಒಂದು ವರ್ಷದ ಮಾನ್ಯ ಕೋರ್ಸ್ ಓದುತ್ತ ಹಾಸ್ಟೆಲಿನಲ್ಲಿ ಇರುವವರು ತಂದೆತಾಯಿಯ ಊರಲ್ಲಾಗಲಿ, ಹಾಸ್ಟೆಲ್ ಇರುವ ಊರಲ್ಲಾಗಲಿ ಮತದಾರರಾಗಬಹುದು ಎಂದು ಚುನಾವಣಾ ಆಯೋಗ ಹೇಳುತ್ತದೆ. ಮೊದಲ ಸಲ ಹೆಸರು ಸೇರಿಸುವವರು ನಮೂನೆ 6ರ ಜೊತೆ ಸಂಸ್ಥೆಯ ಮುಖ್ಯಸ್ಥರ ದೃಢೀಕರಣ ಕೊಡಬೇಕು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಖನ್ನು ಅರ್ಹತಾ ದಿನವಾಗಿ ಹಿಡಿಯುವುದರಿಂದ ವರ್ಷವಿಡೀ ಕಾಯಬೇಕಾಗಿಲ್ಲ. ಆದರೆ ಎರಡು ಕಡೆ ಹೆಸರು ಇರುವಂತಿಲ್ಲ. ಇಲ್ಲಿಗೆ ಬದಲಿಸಿಕೊಂಡರೆ ಸ್ವಂತ ಊರಿನ ಗ್ರಾಮಸಭೆ ಕೈಬಿಡುತ್ತದೆ. ಹೊಲ, ಮನೆ, ಹಿರಿಯರು ಇರುವ ಊರು ಅದು. ಆ ನಷ್ಟ ಸಣ್ಣದಲ್ಲ, ಆಯ್ಕೆ ವಿದ್ಯಾರ್ಥಿಗೇ ಬಿಟ್ಟದ್ದು.

ಮತವಿಲ್ಲದೆಯೂ ಇರುವ ದಾರಿಗಳು

ನಗರದ ಮಹಾಯೋಜನೆ 1961ರ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ತಯಾರಾಗುತ್ತದೆ. ಅಂತಿಮಗೊಳ್ಳುವ ಮೊದಲು ಅದನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಲೇಬೇಕು. ಹಾಗಾಗಿ ಗದಗ-ಬೆಟಗೇರಿಯ ನಕ್ಷೆಯಲ್ಲಿ ಕಾಲೇಜು ರಸ್ತೆ, ಬಸ್ ನಿಲ್ದಾಣ, ಬಾಡಿಗೆ ವಸತಿಯ ಜಾಗ ಹೇಗಿರಬೇಕೆಂದು ವಿದ್ಯಾರ್ಥಿಗಳೂ ಲಿಖಿತವಾಗಿ ಹೇಳಬಹುದು.

2014ರ ನವೆಂಬರಿನಲ್ಲಿ ಆರಂಭವಾದ ಉನ್ನತ ಭಾರತ ಅಭಿಯಾನದಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳು ಹಳ್ಳಿಗಳನ್ನು ದತ್ತು ಪಡೆದು ಮನೆಮನೆ ಸಮೀಕ್ಷೆ ಮಾಡುತ್ತವೆ. ನಾಗಾವಿಯ ವಿಶ್ವವಿದ್ಯಾಲಯದಲ್ಲಿ ಜಿಯೋಇನ್‌ಫರ್ಮ್ಯಾಟಿಕ್ಸ್ ಸ್ನಾತಕೋತ್ತರ ಕೋರ್ಸೇ ಇದೆ. ಊರಿನ ಗಟಾರ, ಕೆರೆ, ದೀಪದ ಕಂಬಗಳ ನಕ್ಷೆ ತಯಾರಿಸಿ ಪಂಚಾಯಿತಿಯ ವಾರ್ಷಿಕ ಯೋಜನೆಗೆ ಕೊಟ್ಟರೆ ಅದು ಮನವಿಪತ್ರಕ್ಕಿಂತ ಗಟ್ಟಿಯಾಗಿ ಮಾತನಾಡುತ್ತದೆ. ಸಮೀಕ್ಷೆಯ ಕಾಗದ ಅಂಕಪಟ್ಟಿಗಾಗಿ ವಿಭಾಗದ ಕಪಾಟು ಸೇರಿದರೆ ಊರಿಗೆ ದಕ್ಕುವುದೇನೂ ಇಲ್ಲ.

ಊರಿನವರೊಡನೆ

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ನೆರೆಯ ಹಾರ್ಲೆಮ್ ಜನರ ಸಾರ್ವಜನಿಕ ಉದ್ಯಾನದಲ್ಲಿ ವ್ಯಾಯಾಮಶಾಲೆ ಕಟ್ಟಲು ಹೊರಟಾಗ, 1968ರ ಏಪ್ರಿಲಿನಲ್ಲಿ ವಿದ್ಯಾರ್ಥಿಗಳು ಆ ಜನರ ಪರವಾಗಿ ವಿಶ್ವವಿದ್ಯಾಲಯದ ಕಟ್ಟಡಗಳನ್ನೇ ಆಕ್ರಮಿಸಿ ಕುಳಿತರು. ಕೊನೆಗೆ ಆ ವ್ಯಾಯಾಮಶಾಲೆ ಉದ್ಯಾನದಲ್ಲಿ ಏಳಲಿಲ್ಲ. ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ದಾರಿ ಬೇರೆ: 1985ರ ಒಂದು ತರಗತಿಯಲ್ಲಿ ನೆರೆಹೊರೆಯ ಸಮಸ್ಯೆಗಳ ಮೇಲೆ ವಿದ್ಯಾರ್ಥಿಗಳು ಮಾಡಿದ ಅಧ್ಯಯನವೇ ಅಲ್ಲಿನ ಶಾಲೆಗಳ ಜೊತೆಗಿನ ದೀರ್ಘ ಕೆಲಸಕ್ಕೆ ಬೀಜವಾಯಿತು. ಎರಡರಲ್ಲೂ ವಿದ್ಯಾರ್ಥಿಗಳು ತಮ್ಮ ಅನುಕೂಲಕ್ಕಷ್ಟೇ ದನಿ ಎತ್ತಿರಲಿಲ್ಲ.

ನಮ್ಮಲ್ಲೂ ಅದೇ ಮುಖ್ಯ. ವಿದ್ಯಾರ್ಥಿ ಎರಡು ವರ್ಷ ಮುಗಿಸಿ ಹೊರಡುತ್ತಾನೆ, ಏರಿದ ಬಾಡಿಗೆ ಮತ್ತು ಕಳೆದುಹೋದ ಹೊಲದ ಜೊತೆ ಬದುಕುವವರು ಊರಿನವರು. 1905ರಲ್ಲಿ ಇದೇ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ನಾಯಕತ್ವದಲ್ಲಿ ಸಹಕಾರಿ ಸಂಘ ಕಟ್ಟಿದವರೂ ಹಳ್ಳಿಗರೇ. ಊರಿನವರಿಗೆ ಯೋಜನೆ ಮಾಡಲು ಬರುವುದಿಲ್ಲ ಎಂಬ ಭಾವನೆಯಿಂದ ಯಾರೂ ಸಭೆಗೆ ಹೋಗಬಾರದು.

ಮಕ್ಕಳ ಗ್ರಾಮಸಭೆಯ ಮಾದರಿ

ಕುಂದಾಪುರ ತಾಲ್ಲೂಕಿನಲ್ಲಿ 1990ರ ದಶಕದಲ್ಲಿ ದುಡಿಯುವ ಮಕ್ಕಳು ಕಟ್ಟಿದ ಮಕ್ಕಳ ಪಂಚಾಯಿತಿಗಳ ಅನುಭವ ರಾಜ್ಯಕ್ಕೆ ದಾರಿ ತೋರಿಸಿತು. 2006ರಲ್ಲಿ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಲು ಸೂಚಿಸಿತು. ಮತವಿಲ್ಲದ ಶಾಲಾ ಮಕ್ಕಳು ಇಂದು ಪಂಚಾಯಿತಿ ಅಧ್ಯಕ್ಷರ ಎದುರು ನಿಂತು ಶೌಚಾಲಯ, ರಸ್ತೆ, ಬಸ್ಸಿನ ಬಗ್ಗೆ ಕೇಳುತ್ತಾರೆ. ಅದೇ ಊರಿನ ಹಾಸ್ಟೆಲಿನಲ್ಲಿರುವ ಇಪ್ಪತ್ತರ ವಿದ್ಯಾರ್ಥಿನಿಗೆ ಅಂಥ ವೇದಿಕೆ ಇಲ್ಲ. ವರ್ಷಕ್ಕೊಮ್ಮೆ, ಪಂಚಾಯಿತಿ ಯೋಜನೆ ಬರೆಯುವ ಮೊದಲು, ವಿದ್ಯಾರ್ಥಿಗಳೂ ಊರಿನವರೂ ಒಟ್ಟಿಗೆ ಕೂರುವ ವಿಶೇಷ ಸಭೆ ನಡೆಸಿ ನಡಾವಳಿಯಲ್ಲಿ ದಾಖಲಿಸುವಂತೆ ಇನ್ನೊಂದು ಸುತ್ತೋಲೆ ಹೊರಡಿಸುವುದು ಸರ್ಕಾರಕ್ಕೆ ಕಷ್ಟದ ಕೆಲಸವಲ್ಲ. ಅದನ್ನು ಮೊದಲು ಕೇಳಬೇಕಾದವರು ನಾಗಾವಿಯ ವಿದ್ಯಾರ್ಥಿಗಳೇ.