ಕೊಡಲಿಯಿಂದ ಕಟರಿನವರೆಗೆ: ಒಂದು ಹೊಲದ ಇತಿಹಾಸ

ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲೂಕಿನಲ್ಲಿ ನಂದೇಶ್ವರವೆಂಬ ಊರಿದೆ. ಅಲ್ಲಿ ನಮ್ಮ ಮನೆತನಕ್ಕೆ ನಾಲ್ಕು ಎಕರೆಯ ಒಂದು ಹೊಲವಿದೆ. ಸರಕಾರಿ ಉತಾರದಲ್ಲಿ ಅದಕ್ಕೊಂದು ಗಟ್ ನಂಬರು ಮಾತ್ರ. ಮನೆಯಲ್ಲಿ ಅದರ ಹೆಸರು ಕಂಟಿಹೊಲ. ಮುಳ್ಳುಕಂಟಿ ಬೆಳೆಯುತ್ತಿದ್ದ ಹೊಲವಾದ್ದರಿಂದ ಆ ಹೆಸರು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಇಪ್ಪತ್ತು ವರ್ಷ ಇತರರ ಹೊಲಗಳ ಉತಾರಗಳನ್ನು ಫೈಲಿಗೆ ಹಚ್ಚಿದ ನನಗೆ, ನಮ್ಮದೇ ಹೊಲದ ಇತಿಹಾಸವನ್ನು ಒಮ್ಮೆ ಬರೆದಿಡಬೇಕೆಂಬ ಆಸೆ ಹುಟ್ಟಿದ್ದು ಕಳೆದ ಕೆಲವು ವರ್ಷಗಳಲ್ಲಿ. ಅದಕ್ಕೆ ಕಾರಣ ಒಂದು ಯಂತ್ರ.

ಕಾಸರಗೋಡಿನ ಓದುಗರಿಗೆ ನಮ್ಮ ಸೀಮೆ ದೂರದ್ದು. ನಿಮ್ಮಲ್ಲಿ ಮಳೆ ಹೆಚ್ಚಾಗಿ ಕಾಡು ಬೆಳೆಯುತ್ತದೆ. ನಮ್ಮಲ್ಲಿ ಮಳೆ ಕಡಿಮೆಯಾಗಿ ಕಂಟಿ ಬೆಳೆಯುತ್ತದೆ. ಆದರೂ ನಾವು ಪೂರ್ತಿ ಅಪರಿಚಿತರಲ್ಲ. 1967ರ ಮಹಾಜನ ಆಯೋಗದ ವರದಿ ಅಕ್ಕಲಕೋಟೆಯನ್ನೂ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ ಒಂದೇ ಹೊತ್ತಗೆಯಲ್ಲಿ ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಲು ಹೇಳಿತ್ತು. ಎರಡೂ ಆಗಲಿಲ್ಲ. ಮಂಗಳವೇಢೆಯಂತೂ ಇನ್ನೂ ಹಳೆಯ ನಂಟು. ಬಿಜ್ಜಳನ ಕಾಲದಲ್ಲಿ ಬಸವಣ್ಣನವರು ಭಂಡಾರದ ಕರಣಿಕರಾಗಿ ಲೆಕ್ಕ ಬರೆದದ್ದು ಇಲ್ಲಿಯೇ ಎಂದು ಪರಂಪರೆ ಹೇಳುತ್ತದೆ. ಲೆಡ್ಜರಿನ ಮುಂದೆ ಬೆನ್ನು ಬಾಗಿಸಿ ಕುಳಿತಾಗ ನಾನು ಈ ಸಂಗತಿಯನ್ನು ನೆನೆದು ಸ್ವಲ್ಪ ನೆಟ್ಟಗಾಗುವುದುಂಟು. ತೀರ ಇತ್ತೀಚಿನ ಕಾಲದಲ್ಲಿ, ಸ್ವಾತಂತ್ರ್ಯ ಬರುವವರೆಗೆ, ಮಂಗಳವೇಢೆ ಸಾಂಗಲಿ ಸಂಸ್ಥಾನದಲ್ಲಿತ್ತು.

ಅಜ್ಜನ ಕಾಲಕ್ಕೆ ಕಂಟಿಹೊಲದ ಶತ್ರುಗಳು ಎರಡು. ಮೇಲೆ ಜಾಲಿ ಮತ್ತು ಬಾರಿ ಕಂಟಿ, ಕೆಳಗೆ ಕರಿಕೆ. ಮೇಲಿನದಕ್ಕೆ ಕೊಡಲಿ, ಕುಡಗೋಲು, ಕೆಳಗಿನದಕ್ಕೆ ಗುದ್ದಲಿ. ಎರೆಭೂಮಿಯಲ್ಲಿ ಕರಿಕೆಯ ಬೇರು ಮೊಳಗಟ್ಟಲೆ ಆಳಕ್ಕಿಳಿಯುತ್ತದೆ. ಮರದ ರಂಟಿ ಅದರ ತಲೆ ಸವರುತ್ತದೆಯೇ ಹೊರತು ಬುಡ ಮುಟ್ಟುವುದಿಲ್ಲ. ಕಬ್ಬಿಣದ ನೇಗಿಲು ಬಂದ ಮೇಲೆಯೇ ನಾವು ಕರಿಕೆಯ ಬೇರನ್ನು ಕಣ್ಣಾರೆ ಕಂಡದ್ದು ಎಂದು ಅಜ್ಜ ಹೇಳುತ್ತಿದ್ದ. ಆ ನೇಗಿಲಿಗೆ ನಾಲ್ಕು ಎತ್ತು ಬೇಕು. ನಮ್ಮ ಮನೆಯಲ್ಲಿದ್ದದ್ದು ಎರಡು. ಇನ್ನೆರಡು ಮಗ್ಗುಲ ಮನೆಯವರದು.

ಆ ಕಬ್ಬಿಣದ ನೇಗಿಲಿನ ಹಿಂದೆ ಒಬ್ಬ ಗಡಿನಾಡಿನ ಮನುಷ್ಯನ ಕಥೆಯಿದೆ. ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು 1869ರಲ್ಲಿ, ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಲೆ ಕಲಿಯಲು ಮುಂಬಯಿಗೆ ಹೋದವರು. ಬಣ್ಣಗಳ ಭೇದ ಸರಿಯಾಗಿ ಕಾಣದ ಕಾರಣ ಯಂತ್ರಗಳ ನಕ್ಷೆಯ ಕಡೆ ಹೊರಳಿದರು. ಆಮೇಲೆ ಅಣ್ಣ ರಾಮಣ್ಣನವರೊಡನೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ. ಅಲ್ಲಿಂದ ಮೇವು ಕತ್ತರಿಸುವ ಯಂತ್ರ, ನಮ್ಮ ಕಡೆಯ ಮಾತಿನಲ್ಲಿ ಕಡಬಾ ಕುಟ್ಟಿ. ತಿರುಗುವ ಚಕ್ರಕ್ಕೆ ಅಲಗು ಹಚ್ಚಿ ಜೋಳದ ಕಣಿಕೆ ಕತ್ತರಿಸುವ ಆ ಸಾಧನವನ್ನು ನಾನು ನಮ್ಮ ಕಟರಿನ ಅಜ್ಜ ಎಂದೇ ಎಣಿಸುತ್ತೇನೆ. ತರುವಾಯ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುತ್ತದೆಂದು ರೈತರು ಅಂಜಿದರಂತೆ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು ಎಂದು ಹೇಳುತ್ತಾರೆ. ಬೆಳಗಾವಿಯಲ್ಲಿ ಜಾಗ ಬಿಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಗಳು ಕುಂಡಲ ಸ್ಟೇಷನ್ನಿನ ಬಳಿ 32 ಎಕರೆ ಭೂಮಿಯನ್ನೂ ಬಡ್ಡಿಯಿಲ್ಲದೆ 10,000 ರೂಪಾಯಿ ಸಾಲವನ್ನೂ ಕೊಟ್ಟರು. 1910ರಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿದ್ದು ಹೀಗೆ. ಆ ಭೂಮಿ ಹೇಗಿತ್ತೆಂದರೆ ಕಳ್ಳಿ ತುಂಬಿದ, ನಾಗರಹಾವು ಹರಿದಾಡುವ ಬರಡು ನೆಲ. ನಾಡಿನ ಹೊಲ ಹಸನು ಮಾಡುವ ಕಾರಖಾನೆ ಮೊದಲು ತನ್ನ ಕಂಟಿಯನ್ನೇ ಕಡಿಯಬೇಕಾಯಿತು. ಬಡ್ಡಿಯಿಲ್ಲದ ಸಾಲದ ಮಾತು ನಮ್ಮ ಬ್ಯಾಂಕಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ!

ಸಾಲದ ಮಾತು ಬಂದಾಗ ಇನ್ನೊಂದು ಸಂಗತಿ. ಸ್ವತಂತ್ರ ಭಾರತಕ್ಕೆ ವಿಶ್ವಬ್ಯಾಂಕ್ ಕೊಟ್ಟ ಮೊದಲ ಸಾಲ ರೈಲ್ವೆಗೆ. ಎರಡನೆಯದು, 1949ರ ಸೆಪ್ಟೆಂಬರಿನಲ್ಲಿ ಕೊಟ್ಟ ಒಂದು ಕೋಟಿ ಡಾಲರು, ಟ್ರ್ಯಾಕ್ಟರುಗಳಿಗೆ. ಮಧ್ಯಭಾರತದ ಎರೆಭೂಮಿಯನ್ನು ಆಕ್ರಮಿಸಿದ್ದ ಕಾನ್ಸ್ ಎಂಬ ಹುಲ್ಲನ್ನು ಕಿತ್ತು ಹಾಕಲು ಆ ಟ್ರ್ಯಾಕ್ಟರುಗಳು ಬೇಕಾಗಿದ್ದವು. ಹುಲ್ಲು ಕೀಳಲು ದೇಶವೇ ಸಾಲ ಮಾಡಿತೆಂದರೆ ನಮ್ಮಂಥವರದೇನು ಹೆಚ್ಚು.

ಕಂಟಿಹೊಲ ನಿಜವಾಗಿ ಕೈತಪ್ಪಿದ್ದು 1972ರ ಬರದಲ್ಲಿ. ಅಪ್ಪನಿಗೆ ಆಗ ಇಪ್ಪತ್ತರ ಪ್ರಾಯ. ಎತ್ತು ಮಾರಿ ಊರಿಗೆ ಊರೇ ರಸ್ತೆಯ ಕೆಲಸಕ್ಕೆ ಖಡಿ ಒಡೆಯಲು ಹೋಯಿತು. ಹೊಲ ಬೀಳುಬಿತ್ತು. ಬಿದ್ದ ಹೊಲಕ್ಕೆ ಬಂದದ್ದು ಹಳೆಯ ಜಾಲಿಯಲ್ಲ, ಬಳ್ಳಾರಿ ಜಾಲಿ. ಮರಾಠಿಯಲ್ಲಿ ಅದನ್ನು ಹುಚ್ಚು ಜಾಲಿ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ, ಮತ್ತು ಆ ಹೆಸರೇ ಸರಿ. ಅಮೆರಿಕ ಖಂಡದ ಈ ಗಿಡವನ್ನು 1877ರ ಸುಮಾರಿಗೆ ಉರುವಲಿಗಾಗಿ ನಮ್ಮ ದೇಶಕ್ಕೆ ತಂದರು. ಆಡು ಕುರಿಗಳು ಅದರ ಕಾಯಿ ತಿಂದು ಬೀಜವನ್ನು ಹಿಕ್ಕೆಯಲ್ಲಿ ಬಿತ್ತುತ್ತವೆ. ಕಡಿದರೆ ಬುಡದಿಂದ ಒಂದಕ್ಕೆ ನಾಲ್ಕು ಚಿಗುರುತ್ತದೆ. ಹಿಂದೆ ಕಳ್ಳಿಯ ಹಾವಳಿಗೆ ಒಂದು ಉಪಾಯ ಸಿಕ್ಕಿತ್ತು. 1926ರಲ್ಲಿ ಶ್ರೀಲಂಕೆಯಿಂದ ತಂದ ಒಂದು ಹುಳು ದಕ್ಷಿಣದ ಕಳ್ಳಿಯನ್ನೆಲ್ಲ ತಿಂದು ತೀರಿಸಿತು. ಹುಚ್ಚು ಜಾಲಿಗೆ ಅಂಥ ಪುಣ್ಯಾತ್ಮ ಹುಳು ಬರಲಿಲ್ಲ. ಅಪ್ಪ ಮೂವತ್ತು ವರ್ಷ ಕೊಡಲಿ ಹಿಡಿದು ಅದರೊಡನೆ ಗುದ್ದಾಡಿದ. ಅವನ ಬಲ ಅಂಗೈಯಲ್ಲಿ ಮುರಿದುಳಿದ ಮುಳ್ಳೊಂದರ ಗಂಟು ಈಗಲೂ ಇದೆ.

ಟ್ರ್ಯಾಕ್ಟರಿನಿಂದ ತಿರುಗುವ ಕಟರಿನ ಹುಟ್ಟು ದೂರದೇಶದ್ದು. ಟ್ರ್ಯಾಕ್ಟರಿನ ಹಿಂದೆ ತಿರುಗುವ ದಂಡವೊಂದನ್ನು ಹೊರಚಾಚಿ ಅದರಿಂದ ಬೇರೆ ಯಂತ್ರ ನಡೆಸುವ ವಿದ್ಯೆಯನ್ನು ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1920ರ ಆಸುಪಾಸಿಗೆ ಬಳಕೆಗೆ ತಂದಿತು. ಇದನ್ನೇ ನಮ್ಮ ಹುಡುಗರು ಪಿ.ಟಿ.ಓ. ಎನ್ನುವುದು. ಅದರ ವೇಗ ನಿಮಿಷಕ್ಕೆ 540 ಸುತ್ತು ಎಂದು ಗೊತ್ತುಮಾಡಿದರು. ಯಂತ್ರವನ್ನು ಮೂರು ಬಿಂದುಗಳಲ್ಲಿ ಹಿಡಿದೆತ್ತುವ ಜೋಡಣೆ ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ನನದು. ಈ ಎರಡನ್ನೂ ಕೂಡಿಸಿ 1951ರಲ್ಲಿ ಅಲಬಾಮಾದ ಸೆಲ್ಮಾ ಎಂಬ ಊರಿನಲ್ಲಿ ಬುಷ್ ಹಾಗ್ ಎಂಬ ಕಂಟಿ ಕಡಿಯುವ ಯಂತ್ರ ಮಾಡಿದರು. ಹೆಸರಿನ ಅರ್ಥ ಪೊದೆ ಮೇಯುವ ಹಂದಿ. ಭಾರತದಲ್ಲಿಯೇ ಜೋಡಿಸಿದ ಮೊದಲ ಟ್ರ್ಯಾಕ್ಟರ್ ಐಷರ್. 1959ರಲ್ಲಿ ಫರೀದಾಬಾದಿನಿಂದ ಹೊರಬಂತು. 1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾದ ಮೇಲೆ ಟ್ರ್ಯಾಕ್ಟರ್ ಸಾಲ ಹಳ್ಳಿಗಳತ್ತ ಬಂತು. ನಾನು ನೋಡಿದ ಅರ್ಜಿಗಳಲ್ಲಿ ಟ್ರ್ಯಾಕ್ಟರಿನೊಡನೆ ಟ್ರೇಲರ್, ನೇಗಿಲು, ರೋಟವೇಟರ್ ಇರುತ್ತಿದ್ದವು. ಕಟರ್ ಬರೆದವರನ್ನು ನಾನು ಬಹುಕಾಲ ಕಾಣಲಿಲ್ಲ.

ನನ್ನ ತಮ್ಮ ಒಬ್ಬ ವ್ಯಾಪಾರಿಯಿಂದ ಐದಡಿ ಅಗಲದ ಹಳೆಯ ಕಟರ್ ತಂದ. ಕಂಟಿಹೊಲ ಹಸನು ಮಾಡಿ ದಾಳಿಂಬೆ ಹಚ್ಚುವ ಆಸೆ. ಯಂತ್ರ ಸರಳ. ತಲೆಕೆಳಗಾದ ದೊಡ್ಡ ಬುಟ್ಟಿಯಂಥ ಉಕ್ಕಿನ ಹೊದಿಕೆ. ಅದರ ಮೇಲೆ ಗೇರ್‌ಬಾಕ್ಸ್. ಅದು 540 ಸುತ್ತನ್ನು ಸುಮಾರು 800ಕ್ಕೆ ಏರಿಸಿ ಕೆಳಗೆ ತಿರುಗಿಸುತ್ತದೆ. ಕೆಳಗೊಂದು ತಟ್ಟೆ, ಅದರ ಎರಡು ತುದಿಗೆ ಬೋಲ್ಟಿನಲ್ಲಿ ಜೋಲುವ ಎರಡು ಅಲಗು. ಕಲ್ಲು ತಾಗಿದರೆ ಅಲಗು ಹಿಂದೆ ಮಡಿಚಿಕೊಳ್ಳುತ್ತದೆ. ನಾನು ಗುಮಾಸ್ತನ ಚಟಕ್ಕೆ ಲೆಕ್ಕ ಹಾಕಿದೆ: ಐದಡಿಯ ವರ್ತುಲ, 800 ಸುತ್ತು, ಅಲಗಿನ ತುದಿ ತಾಸಿಗೆ 225 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಓಡುತ್ತದೆ. ಆ ವೇಗದಲ್ಲಿ ಸಿಡಿದ ಕಲ್ಲು ಬಂದೂಕಿನ ಗುಂಡಿಗೆ ಕಡಿಮೆಯಲ್ಲ. ಅದನ್ನು ತಡೆಯಲು ಹಿಂದೆ ಮುಂದೆ ಸರಪಳಿಯ ಪರದೆ ಇರಬೇಕು. ನಮಗೆ ಮಾರಿದವನು ಹಿಂದಿನ ಪರದೆಯನ್ನು ಬಿಚ್ಚಿಟ್ಟುಕೊಂಡಿದ್ದ. ನಮಗೆ ತಿಳಿಯಲಿಲ್ಲ.

ಮೊದಲ ತಪ್ಪು ಅಪ್ಪನದು. ಅಲಗನ್ನು ಅಪ್ಪ ಕುಡ ಎಂದೇ ಕರೆದ. ಕುಂಟಿಯ ಕುಡ ಮೊಂಡಾದರೆ ಕಂಬಾರನ ಕುಲುಮೆಗೆ ಒಯ್ದು ಬಡಿಸಿ ತರುವುದು ಅವನ ಜೀವಮಾನದ ರೂಢಿ. ಎರಡರಲ್ಲಿ ಹೆಚ್ಚು ಸವೆದ ಒಂದನ್ನು ಬಿಚ್ಚಿ, ಕಾಯಿಸಿ ಬಡಿಸಿ ಚೂಪುಮಾಡಿ ತಂದ. ಯಂತ್ರ ತಿರುಗಿದೊಡನೆ ಥರಥರ ನಡುಗತೊಡಗಿತು. ಎರಡೇ ದಿನಕ್ಕೆ ಹೊದಿಕೆಯ ಬೆಸುಗೆ ಬಿರಿಯಿತು. ಎರಡು ಅಲಗುಗಳ ತೂಕ ಸರಿಸಮ ಇರಬೇಕು. ಒಂದು ಸವೆದರೂ ಎರಡನ್ನೂ ಬದಲಿಸಬೇಕು. ಕಾಯಿಸಿದರೆ ಉಕ್ಕಿನ ಹದ ಹೋಗುತ್ತದೆ, ಬೆಸುಗೆ ಹಾಕಿದ ಅಲಗು ತುಂಡಾಗಿ ಹಾರುತ್ತದೆ. ಇದನ್ನು ಮಂಗಳವೇಢೆಯ ಮಿಸ್ತ್ರಿಮಾಮಾ ಹೇಳಿದಾಗ ಅಪ್ಪ ಏನೂ ಅನ್ನದೆ ಹೊರಗೆ ಹೋಗಿ ಬೇವಿನ ಕೆಳಗೆ ಕುಳಿತ. ಮೂವತ್ತು ವರ್ಷದ ಕೈಗೆ ಒಂದು ಮಧ್ಯಾಹ್ನದಲ್ಲಿ ಬೆಲೆಯಿಲ್ಲದಾದದ್ದನ್ನು ನಾನು ಅಂದು ನೋಡಿದೆ.

ಎರಡನೆಯದು ತಮ್ಮನದು. ನಮ್ಮದು ಒಂದೇ ಕ್ಲಚ್ಚಿನ ಹಳೆಯ ಟ್ರ್ಯಾಕ್ಟರ್. ಕ್ಲಚ್ ಒತ್ತಿದರೆ ಇಂಜಿನ್ನಿನ ಸಂಬಂಧ ಕಡಿಯುತ್ತದೆ. ಆದರೆ ಭರದಿಂದ ತಿರುಗುವ ಅಲಗಿನ ತೂಕ ಕೂಡಲೇ ನಿಲ್ಲುವುದಿಲ್ಲ. ಅದೇ ದಂಡದ ಮೂಲಕ ತಿರುಗುಬಲ ಹಿಂದಕ್ಕೆ ಹರಿದು ಗಾಲಿಗಳನ್ನು ನೂಕುತ್ತದೆ. ಬಾವಿಯ ದಂಡೆಯಲ್ಲಿ ತಿರುವು ತೆಗೆದುಕೊಳ್ಳುವಾಗ ತಮ್ಮ ಕ್ಲಚ್ ಒತ್ತಿದ. ಟ್ರ್ಯಾಕ್ಟರ್ ನಡೆಯುತ್ತಲೇ ಇತ್ತು. "ಅಣ್ಣಾ, ನಿಲ್ಲವಲ್ತೋ!" ಎಂಬ ಅವನ ಕೂಗು ನನಗೆ ಈಗಲೂ ಕೇಳುತ್ತದೆ. ನಾನು ಓಡುವಷ್ಟರಲ್ಲಿ ಮುಂದಿನ ಗಾಲಿ ಬಾವಿಯ ಕಟ್ಟೆಯ ಕಲ್ಲಿಗೆ ಬಡಿದು ನಿಂತಿತ್ತು. ಕಲ್ಲು ಅಲುಗಿ ಒಳಗೆ ಬಿತ್ತು. ನೀರಿಲ್ಲದ ಬಾವಿ, ಬಿದ್ದ ಸದ್ದು ತಡವಾಗಿ ಬಂತು.

ಈ ದೋಷ ಹೊರದೇಶಗಳಲ್ಲಿ ಬಹು ಹಿಂದೆಯೇ ತಿಳಿದಿತ್ತು. ಗಾಲಿಯ ಕ್ಲಚ್ಚಿಗೆ ಸಂಬಂಧವಿಲ್ಲದೆ ನಡೆಯುವ ಪಿ.ಟಿ.ಓ.ವನ್ನು ಕೆನಡಾದ ಕಾಕ್‌ಶಟ್ ಕಂಪನಿ 1946ರಲ್ಲಿಯೇ ತಂದಿತ್ತು. ಹಳೆಯ ಟ್ರ್ಯಾಕ್ಟರಿಗೂ ಉಪಾಯವುಂಟು. ದಂಡಕ್ಕೆ ಸೈಕಲ್ಲಿನ ಫ್ರೀವೀಲ್ ತತ್ತ್ವದ ಕಪ್ಲಿಂಗ್ ಹಚ್ಚಿದರಾಯಿತು. ತುಳಿದಾಗ ಗಾಲಿ ತಿರುಗುತ್ತದೆ. ನಿಲ್ಲಿಸಿದಾಗ ಗಾಲಿ ತಿರುಗಿದರೂ ಪೆಡಲ್ ತಿರುಗುವುದಿಲ್ಲ. ಬೆಳಗಾವಿಯ ಸೈಕಲ್ ಅಂಗಡಿಯಿಂದ ಹೊರಟ ಕಥೆ ನಮ್ಮ ಬಾವಿಯ ದಂಡೆಯಲ್ಲಿ ಮತ್ತೆ ಸೈಕಲ್ಲಿಗೇ ಬಂತು. ಅಂದೇ ಸಂಜೆ ಕಪ್ಲಿಂಗ್ ತರಲು ಹಣ ಕೊಟ್ಟೆ. ಸರಪಳಿಯ ಪರದೆಯನ್ನೂ ಮಾಡಿಸಿದೆವು.

ಮೂರನೆಯದು ನಮ್ಮೆಲ್ಲರ ಆಲಸ್ಯ. ಒಂದು ಮಳೆಗಾಲ ಯಂತ್ರ ಬಯಲಲ್ಲಿ ನಿಂತಿತು. ದಂಡದ ಬುಡದಲ್ಲಿ ಜಾರುವ ಕ್ಲಚ್ ಇರುತ್ತದೆ: ಸ್ಪ್ರಿಂಗಿನಿಂದ ಒತ್ತಿಹಿಡಿದ ಬಿಲ್ಲೆಗಳು. ಅಲಗು ಬೊಡ್ಡೆಗೆ ಸಿಕ್ಕರೆ ಬಿಲ್ಲೆಗಳು ಜಾರಿ ಗೇರನ್ನು ಉಳಿಸಬೇಕು. ತುಕ್ಕು ಹಿಡಿದ ಬಿಲ್ಲೆಗಳು ಜಾರಲಿಲ್ಲ. ಜಾಲಿಯ ಬೊಡ್ಡೆಗೆ ಬಡಿದೊಡನೆ ಗೇರಿನ ಮೂರು ಹಲ್ಲು ಮುರಿದವು. ಗೇರ್‌ಬಾಕ್ಸ್ ಬಿಚ್ಚಿದಾಗ ಕೆಳಗಿನ ಆಯಿಲ್ ಸೀಲಿಗೆ ಹಳೆಯ ಡ್ರಿಪ್ ಪೈಪಿನ ತುಂಡು ಸುತ್ತಿಕೊಂಡು ಎಣ್ಣೆ ಸೋರಿಹೋಗಿದ್ದದ್ದೂ ಕಂಡಿತು. ಜೋಡಿ ಗೇರು, ಬೇರಿಂಗು, ಸೀಲು, ಕೂಲಿ ಸೇರಿ ಆದ ಖರ್ಚನ್ನು ಇಲ್ಲಿ ಬರೆಯಲಾರೆ. ಮನೆಯವಳು ಈ ಸಂಚಿಕೆ ಓದುತ್ತಾಳೆ.

ಈಗ ಹಂಗಾಮಿಗೆ ಮುಂಚೆ ಒಂದು ವಿಧಿ ಇಟ್ಟುಕೊಂಡಿದ್ದೇವೆ. ಇಂಜಿನ್ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿ, ಯಂತ್ರದ ಕೆಳಗೆ ಮರದ ದಿಮ್ಮಿ ಕೊಟ್ಟ ಮೇಲೆಯೇ ಕೈ ಹಾಕುವುದು. ಸ್ಪ್ರಿಂಗಿನ ನಟ್ಟುಗಳನ್ನು ಎಣಿಸಿ ಅಷ್ಟೇ ಸುತ್ತು ಸಡಿಲಿಸಿ, ಬಿಲ್ಲೆಗಳಿಗೆ ಅಡ್ಡಲಾಗಿ ಸುಣ್ಣದ ಗೆರೆ ಎಳೆಯುವುದು. ಎಲ್ಲರೂ ದೂರ ಸರಿದ ಮೇಲೆ ಎರಡು ಮೂರು ಸೆಕೆಂಡು ಪಿ.ಟಿ.ಓ. ಕೊಟ್ಟು ನಿಲ್ಲಿಸುವುದು. ಎಲ್ಲವೂ ನಿಂತ ಮೇಲೆ ಗೆರೆ ಮುರಿದಿದ್ದರೆ ಬಿಲ್ಲೆ ಜಾರಿದೆ ಎಂದರ್ಥ. ಮತ್ತೆ ಅಷ್ಟೇ ಸುತ್ತು ಬಿಗಿಯುವುದು. ಮುರಿಯದಿದ್ದರೆ ಬಿಚ್ಚಿ ತುಕ್ಕು ಉಜ್ಜುವುದು. ಕೆಲಸ ಮಾಡುವಾಗ ಯಂತ್ರದ ಮುಂಭಾಗ ಹಿಂಭಾಗಕ್ಕಿಂತ ಒಂದಿಂಚು ಕೆಳಗಿರಬೇಕು. ಆಗ ಕಡಿದದ್ದನ್ನು ಮತ್ತೆ ಮತ್ತೆ ಕಡಿದು ಇಂಜಿನ್ನನ್ನು ದಣಿಸುವುದಿಲ್ಲ. ತೋಳಿಗಿಂತ ದಪ್ಪದ ಜಾಲಿಯನ್ನು ಕೊಡಲಿಗೇ ಬಿಡುತ್ತೇವೆ.

ಬೊಡ್ಡೆ ಗುರುತಿಸುವ ಕೆಲಸ ಅಪ್ಪನದು. ಹುಲ್ಲಿನೊಳಗೆ ಅಡಗಿದ ಹಳೆಯ ಬೊಡ್ಡೆಗಳು, ಬಾಂದಿನ ಕಲ್ಲುಗಳು ಎಲ್ಲೆಲ್ಲಿವೆ ಎಂಬುದು ಅವನೊಬ್ಬನಿಗೇ ಗೊತ್ತು. ಅವನೇ ಕಡಿದ ಗಿಡಗಳಲ್ಲವೇ. ಹಿಂದಿನ ದಿನವೇ ಕೋಲು ಹಿಡಿದು ಹೊಲ ಸುತ್ತಿ, ಒಂದೊಂದರ ಬಳಿಯೂ ಬಿಳಿ ಚಿಂದಿ ಕಟ್ಟಿದ ಗೂಟ ನಡುತ್ತಾನೆ. ಹಿಂದೆ ಹಿಂದೆ ನನ್ನ ಮಗ ಚಿಂದಿಯ ಗಂಟು ಹೊತ್ತು ನಡೆಯುತ್ತಾನೆ. ಅವನದು ಮರಾಠಿ ಶಾಲೆ. ಕ್ಲಚ್ಚು, ಗೇರು, ಸೀಲು ಎಲ್ಲ ಬಾಯಿಪಾಠ. ಕುಂಟಿ, ಕೂರಿಗಿ, ಕುಡ ಅವನು ಕಂಡೇ ಇರಲಿಲ್ಲ. ಕಳೆದ ಹಂಗಾಮಿನಲ್ಲಿ ಮಿಸ್ತ್ರಿಮಾಮಾನ ಮುಂದೆ ಅವನು, "ಎರಡೂ ಕುಡ ಬದಲಿ ಮಾಡ್ರಿ, ಒಂದೇ ಬ್ಯಾಡ್ರಿ" ಅಂದ. ಅಪ್ಪ ತಲೆ ಎತ್ತಿ ನೋಡಿ, ಎಲೆಯಡಿಕೆಯ ಚಂಚಿ ಬಿಚ್ಚಿದ.

ನಾಲ್ಕರಲ್ಲಿ ಮೂರು ಎಕರೆಗೆ ದಾಳಿಂಬೆ ಬಂದಿದೆ. ಬಾವಿಯ ಕಡೆಯ ಒಂದು ಎಕರೆಯಲ್ಲಿ ಜಾಲಿ ಇನ್ನೂ ನಿಂತಿದೆ. ಅಲ್ಲಿಗೆ ಟ್ರ್ಯಾಕ್ಟರ್ ಒಯ್ಯಲು ತಮ್ಮ ಇನ್ನೂ ಒಪ್ಪಿಲ್ಲ.